ಹೆಸರು ಹೇಳಬಾರದ ಹೊಗೆ

“ಸೇದಲೇಬೇಕು ಅಂತಿದ್ರೆ ಸೇದಿ ಮೇಷ್ಟ್ರೇ, ತಡೆಯೋಕೆ ನಾನ್ಯಾರು? ಆದ್ರೆ ಆ ಹೊಗೆ ಬಾಯಲ್ಲಿರುವಾಗ ಯಾವುದರ ಹೆಸರನ್ನೂ ಎತ್ತಬೇಡಿ. ನಿಮ್ಮ ದಮ್ಮಯ್ಯ ಅಂತೀನಿ.”

ಸಿಗಾರ್ ವ್ಯಾಪಾರದ ಕೋಠಿಯ ಯಜಮಾನಿ ಹೀಗೆ ಹೇಳುತ್ತಲೇ ಮೇಷ್ಟ್ರ ಬೆನ್ನಿಗೊಂದು ದಿಂಬು ಒತ್ತಿಟ್ಟರು. ಅವರ ಕಣ್ಣಿಗೆ ಬಿಸಿಲು ಹೊಡೆಯುತ್ತಿದ್ದುದನ್ನು ನೋಡಿ ಪರದೆಯನ್ನು ಅರ್ಧ ಎಳೆದರು. ಹೆದರಿದವರ ಕೈಯಲ್ಲೂ ಉಪಚಾರ ನಿಲ್ಲುವುದಿಲ್ಲ.

ಮೇಷ್ಟ್ರು ನಕ್ಕುಬಿಟ್ಟರು. “ಹೆಸರು ಹೇಳದೆ ರುಚಿ ನೋಡೋದಕ್ಕೆ ನನ್ನ ಯಾಕಮ್ಮಾ ಕರೆಸಿದ್ರಿ? ಅಡುಗೆಮನೆ ಚಿಮಣಿಗೆ ಹೇಳಿದ್ರೆ ಆಗ್ತಿತ್ತಲ್ಲ, ಅದೂ ಹೊಗೆ ಕುಡಿದು ಸುಮ್ನಿರುತ್ತೆ!”

ಪಕ್ಕದಲ್ಲಿ ಕೂತಿದ್ದ ಮೇಷ್ಟ್ರ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಯಜಮಾನಿ ನಗಲಿಲ್ಲ.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಸಿಗಾರಿನ ವ್ಯಾಪಾರದವರು ಅವರಿಗೆ ಇಟ್ಟ ಹೆಸರು ‘ಮೂಗಿನ ಮೇಷ್ಟ್ರು’. ಕಣ್ಣು ಮುಚ್ಚಿ ಒಂದು ದಮ್ಮು ಎಳೆದರೆ ಎಲೆ ಯಾವ ಮಣ್ಣಿನದು, ಎಷ್ಟು ಕಾಲ ಮಾಗಿದ್ದು, ಸುತ್ತಿದ ಕೈ ಬಿಗಿಯೋ ಸಡಿಲವೋ ಎಲ್ಲವನ್ನೂ ಹೇಳುತ್ತಿದ್ದರು. ಅವರದೊಂದು ಕಟ್ಟುನಿಟ್ಟು ಇತ್ತು. ಸಿಕ್ಕ ಪರಿಮಳದ ಹೆಸರನ್ನು ಹೊಗೆ ಇನ್ನೂ ಬಾಯಲ್ಲಿರುವಾಗಲೇ ಹೇಳಬೇಕು. ಹೊಗೆ ಹೊರಟುಹೋದ ಮೇಲೆ ಹೇಳಿದ್ದು ನೆನಪಾಗುತ್ತದೆಯೇ ಹೊರತು ರುಚಿಯಾಗುವುದಿಲ್ಲ ಎನ್ನುತ್ತಿದ್ದರು. ಅವರು ಹೇಳಿದ್ದನ್ನು ಬರೆದುಕೊಳ್ಳುವುದು ಮಗಳ ಕೆಲಸ. ಹೋದ ವರ್ಷ ಅವಳಮ್ಮ ತೀರಿಕೊಂಡ ಮೇಲೆ ಅವಳು ಅಪ್ಪನನ್ನು ಇಂಥ ಕೆಲಸಕ್ಕೆ ಒಬ್ಬರನ್ನೇ ಕಳಿಸುತ್ತಿರಲಿಲ್ಲ. ಬ್ಯಾಂಕಿಗೆ ರಜೆ ಹಾಕಿ, ನಡುನಡುವೆ ನಾಲಿಗೆ ತಿಳಿಯಾಗಲೆಂದು ಒಂದು ಬಾಟಲಿ ನೀರು, ನಾಲ್ಕು ತುಂಡು ಸಪ್ಪೆ ಬ್ರೆಡ್ಡು ಕಟ್ಟಿಕೊಂಡು ಜೊತೆಗೆ ಬರುತ್ತಿದ್ದಳು. “ನನ್ನ ಅಪ್ಪ ಅಲ್ಲ ನೀವು, ನನ್ನ ದೊಡ್ಡ ಮಗ” ಎಂದು ಛೇಡಿಸುತ್ತಿದ್ದಳು.

ಲೋಕದ ಪರಿಮಳವನ್ನೆಲ್ಲ ಬಲ್ಲ ಮೂಗು ಒಂದೇ ಒಂದು ಕಡೆ ಸೋತಿತ್ತು. ಕಪಾಟಿನಲ್ಲಿದ್ದ ಹೆಂಡತಿಯ ಸ್ವೆಟರಿನಲ್ಲಿ ಎಷ್ಟು ಮುಖ ಹುದುಗಿಸಿದರೂ ಈಗ ಸಿಗುತ್ತಿದ್ದುದು ಬರೀ ಉಣ್ಣೆಯ ವಾಸನೆ. ಮೊದಲು ಹೋದದ್ದು ಅವಳು. ಈಗ ಅವಳ ವಾಸನೆ. ಆಮೇಲೆ ಮುಖವೂ ಹೋದರೆ? ಈ ಭಯವನ್ನು ಅವರು ಮಗಳಿಗೂ ಹೇಳಿರಲಿಲ್ಲ. ಆದರೆ ಅವರು ಕಪಾಟಿನ ಮುಂದೆ ನಿಂತದ್ದನ್ನು ಕಂಡಾಗಲೆಲ್ಲ ಅವಳು ಏನೂ ಕೇಳದೆ, ಸದ್ದಾಗದ ಹಾಗೆ ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಿದ್ದಳು.

ಮೇಜಿನ ಮೇಲೆ ಪೆಟ್ಟಿಗೆ ತೆರೆದಿತ್ತು. ಕ್ಯೂಬಾದಿಂದ ಬಂದ ಹಳೆಯ ಸಿಗಾರುಗಳು. ಹೊರ ಎಲೆ ಎಣ್ಣೆ ಸವರಿದಂತೆ ಮಿರುಗುತ್ತಿತ್ತು. ಯಜಮಾನಿಯ ಮೈದುನ ಅದನ್ನು ಹರಾಜಿಗೆ ಇಡುವವನಿದ್ದ. ಅದಕ್ಕೆ ಮೇಷ್ಟ್ರ ಮಾತಿನ ಮುದ್ರೆ ಬೇಕಿತ್ತು.

“ಇದು ಕೆಟ್ಟುಹೋಗಿದೆ ಅಂತ ಬರೆದುಬಿಡಿ,” ಎಂದರು ಯಜಮಾನಿ. “ಒಂದೇ ಒಂದು ಸುಳ್ಳು. ಮೈದುನ ಕೈಬಿಟ್ರೆ ಪೆಟ್ಟಿಗೇನ ನಾನೇ ಒಲೆಗೆ ಹಾಕ್ತೀನಿ.”

“ನಾಲಿಗೆ ಮಾರಿಕೊಂಡವನಲ್ಲಮ್ಮ ನಾನು.”

“ಹಾಗಿದ್ರೆ ಪೂರ್ತಿ ಕೇಳಿ. ನಮ್ಮ ಯಜಮಾನರು ಆಗ ಕ್ಯೂಬಾದಲ್ಲಿ ಖರೀದಿಗೆ ಇದ್ರು. ಹಡಗು ಹೊರಡೋದ್ರೊಳಗೆ ಈ ಪೆಟ್ಟಿಗೆ ತುಂಬಲೇಬೇಕು ಅಂತ ಹಟ ಹಿಡಿದ್ರು. ಸಿಗಾರು ಸುತ್ತುತ್ತಿದ್ದ ಹೆಂಗಸಿನ ಮಗು ಮನೇಲಿ ಜ್ವರದಲ್ಲಿ ಮಲಗಿತ್ತು. ಇವರು ಅವಳನ್ನ ಏಳೋಕೆ ಬಿಡಲಿಲ್ಲ. ಮಗು ಅಮ್ಮಾ ಅಮ್ಮಾ ಅಂತ ಕರೆದು ಕರೆದು ಹೋಯ್ತಂತೆ. ಓಗೊಡೋಕೆ ಯಾರೂ ಇರಲಿಲ್ಲ.” ಯಜಮಾನಿ ಪೆಟ್ಟಿಗೆಯ ಕಡೆ ಬೆರಳು ತೋರಿಸಿದರು. “ಅವಳು ಮಗುವಿನ ಕೂದಲನ್ನ ಒಳ ಎಲೆಗೆ ಸೇರಿಸಿ ಸುತ್ತಿದಳು. ಇವರ ಎದುರಿಗೇ ಶಾಪ ಹಾಕಿದಳು. ಈ ಹೊಗೆ ಬಾಯಲ್ಲಿಟ್ಟುಕೊಂಡು ನೀವು ಯಾವುದರ ಹೆಸರು ಹೇಳ್ತೀರೋ, ಅದು ಇನ್ನು ಜನ್ಮದಲ್ಲಿ ನಿಮಗೆ ಓಗೊಡದೇ ಹೋಗಲಿ ಅಂತ. ಇವರು ನಕ್ಕುಬಿಟ್ರು. ಊರಿಗೆ ಬಂದ ದಿನ ಒಂದನ್ನ ಹಚ್ಚಿಕೊಂಡು, ಪ್ರೀತಿಯಿಂದಲೇ, ನನ್ನ ಹೆಸರು ಹಿಡಿದು ಕರೆದ್ರು. ಸಾಯೋತನಕ ನನ್ನನ್ನ ಆ ಮನುಷ್ಯ ‘ಯಾರಮ್ಮಾ ನೀನು’ ಅಂತ್ಲೇ ಕೇಳ್ತಿದ್ರು.”

“ವಯಸ್ಸಾದವರಿಗೆ ಮರೆವು ಸಹಜಮ್ಮಾ,” ಎಂದರು ಮೇಷ್ಟ್ರು, ದನಿಯಲ್ಲಿ ಕನಿಕರ ಇಟ್ಟುಕೊಂಡೇ. ತುದಿ ಕತ್ತರಿಸಿದರು. ಕಡ್ಡಿ ಗೀರಿದರು.

ಮೊದಲ ಹೊಗೆ ಮೃದುವಾಗಿತ್ತು. ಅವರು ಅದನ್ನು ನುಂಗದೆ ಅಂಗುಳಲ್ಲಿ ಹೊರಳಿಸಿ ಮೂಗಿನಿಂದ ಬಿಟ್ಟರು. ಹುಬ್ಬು ಮೇಲೇರಿತು.

“ಬರ್ಕೋ ಪುಟ್ಟಿ. ದೇವದಾರು.” ಇನ್ನೊಂದು ದಮ್ಮು. “ಹುರಿದ ಕಾಫಿ. ಅಬ್ಬಾ, ಎಂಥಾ ಕಾಫಿ!”

ಯಜಮಾನಿ ಮುಖ ತಿರುಗಿಸಿಕೊಂಡರು. ಮೇಷ್ಟ್ರು ಸಿಗಾರನ್ನು ತಟ್ಟೆಯಂಚಿಗೆ ಒರಗಿಸಿದರು. ಪಕ್ಕದಲ್ಲಿ ಒಂದು ಬಟ್ಟಲಿತ್ತು. ಅದರಲ್ಲಿ ಕಂದು ಬಣ್ಣದ ಏನೋ ಬಿಸಿ ನೀರು. ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು.

“ಇದೇನಮ್ಮಾ, ಕಷಾಯವೇ?”

“ಅಪ್ಪಾ, ಶುರು ಮಾಡಿದ್ರಾ ನಾಟಕ?” ಮಗಳು ನಕ್ಕಳು. “ಕಾಫಿ. ಈಗಷ್ಟೇ ಅರ್ಧ ಕುಡಿದ್ರಿ.”

“ಕಾಫಿ ಅಂದ್ರೆ?”

ಅವಳು ನಗುತ್ತಲೇ ಅವರ ಮುಖ ನೋಡಿದಳು. ನಗು ಅಲ್ಲೇ ಅರ್ಧಕ್ಕೆ ನಿಂತಿತು. ಅಪ್ಪ ತಮಾಷೆ ಮಾಡುವಾಗ ಎಡಗಣ್ಣಿನ ಮೂಲೆ ಸುಕ್ಕಾಗುತ್ತಿತ್ತು. ಈಗ ಸುಕ್ಕಾಗಿರಲಿಲ್ಲ.

ಮೇಷ್ಟ್ರಿಗೆ ಅವಳ ಗಾಬರಿ ಅರ್ಥವಾಗಲಿಲ್ಲ. ಕೈ ತಾನಾಗಿ ಸಿಗಾರಿನ ಕಡೆ ಹೋಯಿತು. ಸಿಗಾರಿನ ಮೂರು ಪಾಲಿನಲ್ಲಿ ಎರಡನೆಯದು ಆಗಲೇ ಆರಂಭವಾಗಿತ್ತು. ಹೊಗೆ ದಪ್ಪಗಾಯಿತು. ಅದರೊಳಗಿಂದ ಸೈಕಲ್ ಟ್ಯೂಬಿನ ರಬ್ಬರು, ಪಂಕ್ಚರಿಗೆ ಹಚ್ಚುವ ಅಂಟು, ಬೆವರಿದ ಖಾಕಿ ಅಂಗಿಯ ವಾಸನೆ ಎದ್ದು ಬಂತು. ಎದೆ ತುಂಬಿ ಬಂತು. ಯಾವ ಎಲೆಯಲ್ಲೂ ಇರಲಾರದ ವಾಸನೆ ಅದು.

“ನಮ್ಮಪ್ಪ...” ಎಂದರು, ಹೊಗೆಯ ಜೊತೆಗೇ.

“ಬೇಡ!” ಯಜಮಾನಿ ಚೀರಿದರು.

ಮಗಳು ಪೆನ್ನು ಬಿಸಾಕಿ ಅವರ ಭುಜ ಹಿಡಿದಳು. “ಅಪ್ಪಾ, ಇಲ್ನೋಡಿ. ತಾತನ ಸೈಕಲ್ ಅಂಗಡಿ ನೆನಪಿದೆ ತಾನೇ? ನಿಮಗೆ ಸೈಕಲ್ ಕಲಿಸಿದ್ದು ಯಾರು?”

ಮೇಷ್ಟ್ರು ಯೋಚಿಸಿದರು. ಸೈಕಲ್ಲು ನೆನಪಿತ್ತು. ಬೀದಿ ನೆನಪಿತ್ತು. ಹಿಂದಿನಿಂದ ಸೀಟು ಹಿಡಿದು ಓಡಿಬಂದವರ ಜಾಗದಲ್ಲಿ ಮಾತ್ರ ಗಾಳಿ ಇತ್ತು.

ಈಗ ಅವರಿಗೆ ಶಾಪದ ಮಾತಿನಲ್ಲಿ ನಂಬಿಕೆ ಬಂತು.

“ಆರಿಸಿ ಅದನ್ನ,” ಎಂದಳು ಮಗಳು. “ಆರಿಸಿ ಅಪ್ಪಾ, ಮನೆಗೆ ಹೋಗೋಣ.”

ಆರಿಸಬಹುದಿತ್ತು. ತಟ್ಟೆಗೆ ಒತ್ತಿದ್ದರೆ ಮುಗಿಯುತ್ತಿತ್ತು. ಆದರೆ ಮೇಷ್ಟ್ರು ಸಿಗಾರಿನ ತುದಿಯ ಕೆಂಡವನ್ನೇ ನೋಡುತ್ತ ಕೂತರು. ಇನ್ನೊಂದು ಪಾಲು ಉಳಿದಿತ್ತು. ಒಳ್ಳೆಯ ಸಿಗಾರು ತನ್ನ ಗುಟ್ಟನ್ನು ಕೊನೆಯ ಪಾಲಿನಲ್ಲಿ ಬಿಡುತ್ತದೆ.

“ಪುಟ್ಟಿ,” ಎಂದರು, ಸಣ್ಣ ದನಿಯಲ್ಲಿ. “ಕೊನೇ ಪಾಲಲ್ಲಿ ನಿಮ್ಮಮ್ಮ ಬರ್ತಾಳೆ ಕಣೇ.”

“ಬಂದ್ರೆ? ಬಾಯಿ ತಪ್ಪಿ ಅಂದುಬಿಟ್ರೆ ಇರೋ ನೆನಪೂ ಹೋಗುತ್ತಲ್ಲ ಅಪ್ಪಾ.”

“ಬಾಯಿ ಬಿಡಲ್ಲ. ನಿನ್ನಾಣೆ. ಒಂದೇ ಸಲ. ಆ ಸ್ವೆಟರಲ್ಲಿ ಈಗ ಏನೂ ಉಳಿದಿಲ್ಲ ಮಗಾ.”

ಮಗಳು ಅವರ ಮಣಿಕಟ್ಟು ಹಿಡಿದಿದ್ದಳು. ಕಿತ್ತುಕೊಳ್ಳಬಹುದಿತ್ತು. ಅವಳ ಹಿಡಿತ ಸಡಿಲವಾಯಿತು. ಅವಳೂ ತಾಯಿಯಿಲ್ಲದವಳೇ.

“ನಂಗೂ ಒಂಚೂರು ಸಿಗುತ್ತಾ?” ಎಂದಳು. ಕೇಳಿದ್ದಕ್ಕೆ ತಾನೇ ನಾಚಿಕೊಂಡು ತಲೆ ತಗ್ಗಿಸಿದಳು. ಅವರ ಮಂಡಿಯ ಮೇಲೆ ತನ್ನ ಕೈ ಇಟ್ಟಳು.

ಯಜಮಾನಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಮೇಷ್ಟ್ರು ಎಳೆದರು.

ಮೊದಲು ಬಂದದ್ದು ಸ್ಪಿರಿಟ್ಟು. ಆಸ್ಪತ್ರೆಯ ಸೋಪು. ಆಮೇಲೆ ಕಿತ್ತಳೆ ಸಿಪ್ಪೆ. ಅವರ ಹೆಂಡತಿ ನರ್ಸು. ವಾರ್ಡಿನ ವಾಸನೆ ಮನೆಗೆ ಬರಬಾರದೆಂದು ಅಂಗಿಯ ಜೇಬಿನಲ್ಲಿ ಕಿತ್ತಳೆ ಸಿಪ್ಪೆ ಇಟ್ಟುಕೊಳ್ಳುತ್ತಿದ್ದಳು. ಆಮೇಲೆ ಅವಳ ಕುತ್ತಿಗೆಯ ಬಿಸಿ. ದಣಿದ ಕೂದಲು. ಮೇಷ್ಟ್ರ ಕಣ್ಣಿಂದ ನೀರು ಇಳಿಯಿತು. ತುಟಿ ಬಿಗಿದುಕೊಂಡರು. ಹೊಗೆಯನ್ನು ಹಾಗೇ ಇಟ್ಟುಕೊಂಡರು. ಬಿಡಲು ಮನಸ್ಸಾಗಲಿಲ್ಲ.

ಬೆಳಕು ಕುಗ್ಗಿತು. ಮಧ್ಯಾಹ್ನವೇ ಕಿಟಕಿಯಾಚೆ ಆರಿಹೋದಂತಾಯಿತು. ಕುರ್ಚಿಯ ಹಿಂದೆ ಯಾರೋ ಬಂದು ನಿಂತರು. ರಬ್ಬರ್ ಚಪ್ಪಲಿಯ ಸದ್ದು. ಒಣಗಿದ, ತಣ್ಣನೆಯ ಎರಡು ಅಂಗೈ ಅವರ ಕಣ್ಣು ಮುಚ್ಚಿದವು.

“ಯಾರು, ಹೇಳಿ ನೋಡೋಣ?”

ಅವಳದೇ ದನಿ. ಡ್ಯೂಟಿ ಮುಗಿಸಿ ಬಂದವಳು ದಿನವೂ ಹೀಗೆ ಹಿಂದಿನಿಂದ ಕಣ್ಣು ಮುಚ್ಚುತ್ತಿದ್ದಳು. ಅವರು ಬೇಕೆಂದೇ ಅವಳ ಹೆಸರು ಬಿಟ್ಟು ಉಳಿದೆಲ್ಲ ಹೆಸರು ಹೇಳುತ್ತಿದ್ದರು. ಹಾಲಿನವನು. ಮನೆ ಓನರು. ಪೋಸ್ಟ್‌ಮ್ಯಾನು. ಅವಳು ಬೆನ್ನಿಗೊಂದು ಗುದ್ದುತ್ತಿದ್ದಳು.

ಮೇಷ್ಟ್ರು ಹಲ್ಲು ಕಚ್ಚಿದರು. ಹೇಳಬಾರದು. ಹೆಸರು ಎತ್ತಬಾರದು.

“ಹೇಳ್ರೀ.”

ಅಂಗೈ ಒತ್ತಿತು. ಎದೆ ಉರಿಯಿತು. ಉಸಿರು ಕಟ್ಟಿತು.

“ಯಾಕ್ರೀ ಮಾತಾಡಲ್ಲ?” ದನಿ ಒಡೆಯಿತು. “ಒಂದೇ ವರ್ಷಕ್ಕೆ ಮರೆತೇಬಿಟ್ರಾ ನನ್ನ?”

ಅದನ್ನು ಮಾತ್ರ ಅವರಿಂದ ತಾಳಲಾಗಲಿಲ್ಲ. ಮರೆತಿಲ್ಲ ಎಂದು ಅವಳಿಗೆ ತಿಳಿಯಬೇಕು. ಅವಳ ಹೆಸರೂ ಬಾಯಿಗೆ ಬರಬಾರದು. ದಾರಿ ಒಂದಿತ್ತು. ಅವರಿಬ್ಬರ ಹಳೆಯ ದಾರಿ. ಕೂಸು ಹುಟ್ಟಿದ ಮೇಲೆ ಈ ಆಟಕ್ಕೆ ಅವರು ಕೊಡುತ್ತಿದ್ದ ಉತ್ತರ ಒಂದೇ. ಅದನ್ನು ಕೇಳಿದರೆ ಅವಳು ಹುಸಿಮುನಿಸಿನಿಂದ ನಗುತ್ತಿದ್ದಳು. ಈಗಲೂ ನಗುತ್ತಾಳೆ. ಅವಳಿಗೆ ಗೊತ್ತಾಗುತ್ತದೆ.

ಹೊಗೆ ತುಟಿ ಬಿಡಿಸಿಕೊಂಡು ಹೊರಟಿತು. ಅದರ ಜೊತೆಗೇ ಮಾತೂ ಹೊರಟಿತು.

“ಇನ್ಯಾರು? ನನ್ನ ಮಗಳು!”

ಅಂಗೈಗಳು ಸಡಿಲವಾದವು. ನಗು ಕೇಳಲಿಲ್ಲ. ಬಹಳ ದೂರದಲ್ಲಿ, ಅರ್ಥವಾಗದ ಭಾಷೆಯಲ್ಲಿ, ಯಾರೋ ಒಬ್ಬ ತಾಯಿ ಬಿಕ್ಕಿ ಬಿಕ್ಕಿ ಅಳುವುದು ಕೇಳಿತು. ಆಮೇಲೆ ಅದೂ ನಿಂತಿತು. ಸಿಗಾರು ತಾನಾಗಿ ಆರಿತು.

ಮೇಷ್ಟ್ರು ಕಣ್ಣು ಬಿಟ್ಟರು. ಮೊದಲು ಮನಸ್ಸಿನೊಳಗೆಲ್ಲ ತಡಕಿ ನೋಡಿದರು. ಹೆಂಡತಿ ಇದ್ದಳು! ಅವಳ ಹಣೆ, ಹಲ್ಲಿನ ಸಂದು, ಕಿತ್ತಳೆಯ ಘಮ, ಎಲ್ಲವೂ ನಿನ್ನೆಗಿಂತ ನಿಚ್ಚಳವಾಗಿದ್ದವು. ಬಚಾವಾದೆ ಎಂದುಕೊಂಡರು.

ಆಗ ತಮ್ಮ ಮಂಡಿಯ ಮೇಲೊಂದು ಕೈ ಇರುವುದು ಕಾಣಿಸಿತು. ಯಾರೋ ಹುಡುಗಿ ಪಕ್ಕದಲ್ಲಿ ಕೂತಿದ್ದಳು. ಮುಖವೆಲ್ಲ ಒದ್ದೆ.

“ಅಪ್ಪಾ,” ಎಂದಳು.

ಯಾರನ್ನು ಕರೆದಳೋ ಎಂದು ಮೇಷ್ಟ್ರು ಹಿಂತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಪಾಪ ಎನ್ನಿಸಿತು. ಜೇಬಿನಿಂದ ಕರ್ಚೀಫು ತೆಗೆದು, ಮಡಿಕೆ ಬಿಚ್ಚಿ, ಒಣಗಿದ ಕಡೆಯನ್ನು ಮುಂದೆ ಮಾಡಿ ಅವಳಿಗೆ ಕೊಟ್ಟರು.

“ಅಳಬೇಡಿಮ್ಮಾ. ತೊಗೊಳ್ಳಿ, ಒಗೆದದ್ದೇ. ಇಲ್ಲಿ ಕೆಲಸ ಮಾಡ್ತೀರಾ ನೀವು?”

ಗೋಡೆಯ ಬಳಿ ಯಜಮಾನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಬಂದು ಪೆಟ್ಟಿಗೆಯನ್ನು ಎತ್ತಿಕೊಂಡು ಒಳಗಿನ ಒಲೆಯ ಕಡೆ ನಡೆದರು. ಹುಡುಗಿ ಮಾತ್ರ ಬಹಳ ಹೊತ್ತು ಆ ಕರ್ಚೀಫನ್ನೇ ನೋಡುತ್ತ ಕೂತಳು. ಕೊನೆಗೆ ಎದ್ದಳು. ಮೇಷ್ಟ್ರ ಕೋಟು ಹಿಡಿದು ತೋಳು ತೂರಿಸಲು ಸಹಾಯ ಮಾಡಿದಳು. ಕಾಲರು ಮಡಿಸಿ ಸರಿಮಾಡಿದಳು.

“ಬನ್ನಿ, ಮನೆ ತನಕ ಬಿಟ್ಟುಬರ್ತೀನಿ,” ಎಂದಳು.

“ತೊಂದರೆ ಬೇಡಮ್ಮಾ.”

“ನನಗೂ ಅದೇ ದಾರಿ.”

ಮೆಟ್ಟಿಲಿಳಿಯುವಾಗ ಅವಳು ಅವರ ಮೊಣಕೈ ಹಿಡಿದಳು. ಬೀದಿಯಲ್ಲಿ ಬಿಸಿಲು ಇನ್ನೂ ಇತ್ತು. ಮೇಷ್ಟ್ರ ಮನಸ್ಸು ಹಗುರಾಗಿತ್ತು, ಮಾತು ಬೇಕೆನಿಸುತ್ತಿತ್ತು.

“ನೀವು ಥೇಟ್ ನನ್ನ ಹೆಂಡತಿ ಹಾಗೇ ನಡೀತೀರಿ,” ಎಂದರು. “ಹೋದ ವರ್ಷ ಹೋದಳು. ದೇವರಂಥವಳು. ನಮಗೆ ಮಕ್ಕಳಿರಲಿಲ್ಲ ನೋಡಿ.”

ಹುಡುಗಿಯ ಹೆಜ್ಜೆ ತಡೆಯಿತು. ಮತ್ತೆ ಮುಂದೆ ಬಿತ್ತು.

“ಅವರ ಬಗ್ಗೆ ಹೇಳಿ,” ಎಂದಳು. “ನಾನು ಕೇಳ್ತೀನಿ.”

“ಏನಂತ ಹೇಳಲಿ? ಒಂದು ಮಾತು ಇವತ್ತಿಗೂ ನನ್ನ ಕೊರೀತದೆ. ಡ್ಯೂಟಿಯಿಂದ ದಣಿದು ಬಂದ ಮೇಲೂ ಅವಳು ಒಂದು ಖಾಲಿ ತೊಟ್ಟಿಲು ತೂಗ್ತಾ ಕೂತಿರೋಳು. ಅದಕ್ಕೆ ಬಗ್ಗಿ ಮಾತಾಡೋಳು, ಹಾಡೋಳು, ನಗೋಳು. ಅಷ್ಟು ಸಂತೋಷವಾಗಿ ಅವಳನ್ನ ಬೇರೆ ಯಾವಾಗಲೂ ನೋಡಿಲ್ಲ ನಾನು. ಯಾಕೆ ಅಂತ ಕೇಳೋಕೆ ನನಗೆ ಯಾವತ್ತೂ ಬಾಯಿ ಬರಲಿಲ್ಲ.”

ಹುಡುಗಿ ಅವರ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

“ಏನು ಹಾಡ್ತಿದ್ರು?” ಎಂದು ಕೇಳಿದಳು.