ಹನ್ನೊಂದು ಬಂಡೆಗಳ ನೆರಳು

ಬೆಳಿಗ್ಗೆ ಒಂಬತ್ತಕ್ಕೆ ದಾಖಲೆ ಕೋಣೆಯ ಮುದುಕ ಎರಡು ಚಿತ್ರಗಳನ್ನು ತಂದು ಇನ್ಸ್‌ಪೆಕ್ಟರಮ್ಮನ ಮೇಜಿನ ಮೇಲಿಟ್ಟ. ಎರಡೂ ಒಂದೇ ಜಾಗದ ಚಿತ್ರ. ಒಂದರಲ್ಲಿ ಹನ್ನೊಂದು ಬಂಡೆಗಳಿದ್ದವು. ಇನ್ನೊಂದರಲ್ಲಿ ಒಂದೂ ಇರಲಿಲ್ಲ.

"ಯಾರೋ ಬೇಕಂತಲೇ ಅಳಿಸಿದ್ದಾರೆ ಮೇಡಂ" ಎಂದ.

ಆಕೆ ಈಗ ಇನ್ಸ್‌ಪೆಕ್ಟರ್ ಅಲ್ಲ. ಇಪ್ಪತ್ತಾರು ವರ್ಷ ಪೊಲೀಸ್ ಕೆಲಸ ಮಾಡಿ, ಈ ಬಾಹ್ಯಾಕಾಶ ಕೇಂದ್ರದ ಭದ್ರತೆ ನೋಡಿಕೊಳ್ಳಲು ಬಂದು ಮೂರು ವರ್ಷವಾಗಿತ್ತು. ಹಳೇ ಹೆಸರು ಮಾತ್ರ ಬೆನ್ನು ಬಿಟ್ಟಿರಲಿಲ್ಲ. ಇಲ್ಲಿ ಆಕೆ ಪತ್ತೆ ಮಾಡಿದ್ದ ದೊಡ್ಡ ಅಪರಾಧವೆಂದರೆ ಒಂದು ಕೊಡೆ ಕಳ್ಳತನ.

ಮುದುಕ ವಿವರಿಸಿದ. ಮೊದಲನೆಯದು ನೌಕೆ ಕಳಿಸಿದ ಮೂಲ ಚಿತ್ರ. ಮಂಕು, ಮೈಯೆಲ್ಲ ಚುಕ್ಕೆ. ಎರಡನೆಯದು ಅದನ್ನೇ ತೊಳೆದು, ತಿದ್ದಿ, ಸ್ಪಷ್ಟ ಮಾಡಿದ್ದು. ಐದು ಜನರ ಸಮಿತಿ ಎರಡನೆಯದನ್ನೇ ನೋಡಿ, ಜಾಗ ಸಮತಟ್ಟಾಗಿದೆ, ಇಳಿಸಬಹುದು ಎಂದು ಸಹಿ ಹಾಕಿತ್ತು. ಆರು ವರ್ಷ ಪ್ರಯಾಣ ಮಾಡಿದ ನೌಕೆಯಿಂದ ಇವತ್ತು ನಸುಕಿನಲ್ಲೇ ಇಳಿಯುವ ಯಂತ್ರ ಬೇರೆಯಾಗಿತ್ತು. ಈಗ ಅದು ಬಹುದೂರದ ಗ್ರಹವೊಂದರ ಚಂದ್ರನ ಮೇಲೆ, ಇದೇ ಜಾಗದ ಕಡೆಗೆ ಬೀಳುತ್ತಿತ್ತು. ಕಡತಕ್ಕೆ ಸೇರಿಸುವ ಮುನ್ನ ಎರಡನ್ನೂ ಹೋಲಿಸಿ ನೋಡುವುದು ಮುದುಕನ ರೂಢಿ.

ಇನ್ಸ್‌ಪೆಕ್ಟರಮ್ಮ ಲಿಫ್ಟಿಗೆ ಕಾಯದೆ ಮೂರು ಮಹಡಿ ಹತ್ತಿದಳು.

ನಿರ್ದೇಶಕ ಚಿತ್ರ ನೋಡಿದ, ಗಡಿಯಾರ ನೋಡಿದ, ಕುರ್ಚಿಯಲ್ಲಿ ಕುಸಿದ. ಲೆಕ್ಕ ಸರಳವಾಗಿತ್ತು. ಯಂತ್ರ ನೆಲ ಮುಟ್ಟುವುದು ಹತ್ತೂ ಹತ್ತಕ್ಕೆ. ಇಲ್ಲಿಂದ ಒಂದು ಆದೇಶ ಅಲ್ಲಿಗೆ ಮುಟ್ಟಲು ಎಂಬತ್ತನಾಲ್ಕು ನಿಮಿಷ ಬೇಕು. ಈಗ ಒಂಬತ್ತೂ ಹತ್ತು. ಈ ಕ್ಷಣ ಕಳಿಸಿದರೂ ಇಪ್ಪತ್ತನಾಲ್ಕು ನಿಮಿಷ ತಡ. ಬದುಕಿತೋ ಇಲ್ಲವೋ ಎಂಬ ಸುದ್ದಿ ಇಲ್ಲಿಗೆ ಬರುವುದು ಹನ್ನೊಂದೂ ಮೂವತ್ತನಾಲ್ಕಕ್ಕೆ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕು.

ದಿನಾ ಎಂಟಕ್ಕೇ ಬಂದು ಬಾಗಿಲು ತೆಗೆಯುವ ಮುದುಕ ಇವತ್ತು ಬಸ್ಸು ತಪ್ಪಿಸಿಕೊಂಡಿದ್ದ. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಮೆಟ್ಟಿಲ ಮೇಲೆ ಕೂತು ಮುಖ ಒರೆಸಿಕೊಳ್ಳುತ್ತಿದ್ದ.

ಸುದ್ದಿ ಹೊರಗೆ ಹೋಗಬಾರದು, ಯಾರು ಮಾಡಿದ್ದೆಂದು ಪತ್ತೆ ಮಾಡಿ ಎಂದು ನಿರ್ದೇಶಕ ಕೇಳಿಕೊಂಡ. ಏಕೆ ಹೋಗಬಾರದು ಎಂಬ ಪ್ರಶ್ನೆಯನ್ನು ಇನ್ಸ್‌ಪೆಕ್ಟರಮ್ಮ ಮನಸ್ಸಿನಲ್ಲೇ ಇಟ್ಟುಕೊಂಡಳು.

* * *

ಚಿತ್ರ ತಿದ್ದುವವನನ್ನು ಎಲ್ಲರೂ ಗಿಡುಗ ಎನ್ನುತ್ತಿದ್ದರು. ಕೋಟಿ ಕೋಟಿ ಮೈಲಿ ದೂರದ ನೆಲದಲ್ಲಿ ಸಾಸಿವೆಯಷ್ಟು ಗುಳಿಯನ್ನೂ ಹಿಡಿಯುವ ಕಣ್ಣು ಅವನದು. ಮನೆಯಲ್ಲಿ ಎದುರಿಗಿರುವ ಕನ್ನಡಕ ಕಾಣುವುದಿಲ್ಲ ಎಂಬುದು ಹೆಂಡತಿಯ ದೂರು. ಕಿಟಕಿಯಿಲ್ಲದ ಕೋಣೆ. ಕಪ್ಪು ಪರದೆ. ಪರದೆಯಾಚೆ ಮೂರು ದೊಡ್ಡ ಮಾನಿಟರುಗಳು.

ಎರಡೂ ಚಿತ್ರ ನೋಡಿದ್ದೇ ಗಿಡುಗನ ಮುಖ ಬಿಳಿಚಿಕೊಂಡಿತು. ತಪ್ಪು ತನ್ನದೇ ಎಂದ. ವಿಕಿರಣ ಬಡಿದು ಕ್ಯಾಮೆರಾದಲ್ಲಿ ಬಿಳಿ ಚುಕ್ಕೆಗಳು ಏಳುತ್ತವೆ. ಅವನ್ನು ಹೆಕ್ಕಿ ತೆಗೆಯಲು ಅವನೊಂದು ಪ್ರೋಗ್ರಾಂ ಬರೆದಿದ್ದ. ಜರಡಿ ಎಂದು ಅದಕ್ಕೆ ಹೆಸರು. ಅಷ್ಟು ಎತ್ತರದಿಂದ ಎರಡು ಮಹಡಿ ಮನೆಯಷ್ಟು ದೊಡ್ಡ ಬಂಡೆಯೂ ಒಂದು ಬಿಳಿ ಚುಕ್ಕೆ, ಪಕ್ಕದಲ್ಲಿ ನೆರಳಿನ ಒಂದು ಕಪ್ಪು ಚುಕ್ಕೆ, ಅಷ್ಟೇ. ಬಂಡೆಗಳನ್ನೂ ಕಸ ಎಂದು ಜರಡಿ ನುಂಗಿರಬೇಕು. ಹಾಗೆಂದವನು ಮೇಜಿನ ಮೇಲೆ ತಲೆಯಿಟ್ಟ.

ಇನ್ಸ್‌ಪೆಕ್ಟರಮ್ಮ ನಂಬಿಯೇ ಬಿಟ್ಟಿದ್ದಳು. ಬಾಗಿಲವರೆಗೆ ಹೋದವಳು ತಿರುಗಿದಳು.

"ನಿಮ್ಮ ಜರಡಿ ಕಪ್ಪು ಚುಕ್ಕೆನೂ ತೆಗೆಯುತ್ತಾ?"

"ಇಲ್ಲ. ಬಿಳಿ ಮಾತ್ರ."

"ಹಾಗಾದ್ರೆ ನೆರಳು ಎಲ್ಲಿ ಹೋಯ್ತು?"

ಗಿಡುಗ ತಲೆ ಎತ್ತಿದ. ಬಂಡೆ ಹೋದರೂ ನೆರಳು ಉಳಿಯಬೇಕಿತ್ತು. ಹನ್ನೊಂದು ನೆರಳುಗಳಲ್ಲಿ ಒಂದೂ ಇರಲಿಲ್ಲ. ಇದು ಜರಡಿಯ ಕೆಲಸವಲ್ಲ, ಕೈಯ ಕೆಲಸ.

ಅವನು ಚಿತ್ರವನ್ನು ಹಿಗ್ಗಿಸಿದ. ಆಕೆ ಬಗ್ಗಿ ನೋಡಿದಳು. ಎಲ್ಲ ಕಡೆ ಸಣ್ಣ ಗುಳಿಗಳು ಕಾಣುತ್ತಿರುವಾಗ, ಬಂಡೆಯಿರಬೇಕಿದ್ದ ಹನ್ನೊಂದು ಕಡೆ ಮಾತ್ರ ಗುಳ್ಳೆ ಎದ್ದ ಹಾಗಿದೆಯಲ್ಲ ಎಂದು ಕೇಳಿದಳು. ಗಿಡುಗ ತನ್ನ ಹಣೆಗೆ ತಾನೇ ಹೊಡೆದುಕೊಂಡ. ಈ ಚಿತ್ರದಲ್ಲಿ ಬಿಸಿಲು ಎಡದಿಂದ ಬೀಳುತ್ತದೆ. ಗುಳಿಗಳ ಎಡಗಡೆ ಕಪ್ಪು, ಬಲಗಡೆ ಬೆಳಕು. ಆ ಹನ್ನೊಂದು ಕಡೆ ಅದು ತಿರುವುಮುರುವು. ಬಿಸಿಲು ಬಲದಿಂದ ಬೀಳುವ ಬೇರೊಂದು ಚಿತ್ರದ ಚೂರು ಕತ್ತರಿಸಿ ತೇಪೆ ಹಾಕಿದ್ದರು. ಅದಕ್ಕೇ ಗುಳಿ ಕಣ್ಣಿಗೆ ಗುಳ್ಳೆಯಾಗಿತ್ತು. ಚಿತ್ರ ಓದುವವರು ಮೊದಲ ದಿನ ಕಲಿಯುವ ಪಾಠ ಇದು.

ಹಾಗಿದ್ದರೆ ನಿಮಗೇಕೆ ಕಾಣಲಿಲ್ಲ ಎಂದು ಆಕೆ ಕೇಳಿದಳು. ಚುಕ್ಕೆ ತೆಗೆದುಕೊಡುವುದಷ್ಟೇ ಅವನ ಕೆಲಸ, ಬಂಡೆ ಹುಡುಕುವುದು ಸಮಿತಿಯದು. ಸೋಮವಾರ ಚಿತ್ರ ಮುಗಿಸಿ ಇಟ್ಟವನು ಮತ್ತೆ ತೆರೆದೇ ಇರಲಿಲ್ಲ ಅವನು. ಸಮಿತಿ ಸೇರಿದ್ದು ಬುಧವಾರ. ಗಿಡುಗ ನೋಡಿದ್ದಾನಲ್ಲ ಎಂದು ಐದೂ ಜನ ಮೇಲೆ ಮೇಲೆ ನೋಡಿ ಸಹಿ ಹಾಕಿದ್ದರು.

* * *

ಅವಕಾಶ ಯಾರಿಗಿತ್ತು ಎಂದು ಹುಡುಕಿ ಪ್ರಯೋಜನವಿರಲಿಲ್ಲ. ಗಿಡುಗನ ಪಾಸ್‌ವರ್ಡ್ ಮಾನಿಟರಿನ ಕೆಳಗೇ ಅಂಟಿಸಿತ್ತು. ಉದ್ದೇಶ ಯಾರಿಗಿತ್ತು? ಈ ಜಾಗ ಬೇಡವೆಂದಿದ್ದರೆ ನೌಕೆ ಮತ್ತೆ ಈ ಚಂದ್ರನ ಹತ್ತಿರ ಬರಲು ಹದಿನಾಲ್ಕು ತಿಂಗಳು ಬೇಕಿತ್ತು. ನಿರ್ದೇಶಕ ನಿವೃತ್ತನಾಗುವುದು ಮುಂದಿನ ತಿಂಗಳು.

ಆಕೆ ಸುತ್ತಿ ಬಳಸಿ ಮಾತಾಡಲಿಲ್ಲ. ನೇರವಾಗಿ ಅವನನ್ನೇ ಕೇಳಿದಳು. ನಿರ್ದೇಶಕನಿಗೆ ಸಿಟ್ಟು ಬರಲಿಲ್ಲ, ಬರುವಷ್ಟು ಶಕ್ತಿಯೂ ಇದ್ದಂತಿರಲಿಲ್ಲ. ತಾನೂ ಇಂಥ ಚಿತ್ರಗಳನ್ನು ಓದುತ್ತಲೇ ತಲೆ ನರೆಸಿಕೊಂಡವನು ಎಂದ. ಕಳ್ಳತನ ಮಾಡಿದ್ದರೂ ಬೆಳಕು ಸರಿಯಾಗಿ ನೋಡಿಕೊಂಡು ಮಾಡುತ್ತಿದ್ದೆ ಎಂದ. ಸುದ್ದಿ ಮುಚ್ಚಿಟ್ಟಿದ್ದೇಕೆ ಎಂದದ್ದಕ್ಕೆ, ಇನ್ನೊಂದೆರಡು ಗಂಟೆಯಾದರೂ ಅವರೆಲ್ಲ ಸಂತೋಷವಾಗಿರಲಿ ಎಂದು ಗಾಜಿನಾಚೆ ಕೈ ತೋರಿಸಿದ. ಕೆಳಗಿನ ಹಾಲಿನಲ್ಲಿ ನಲವತ್ತು ಜನ ನಗುನಗುತ್ತ ಕಾಯುತ್ತಿದ್ದರು.

ಗಡಿಯಾರ ಹತ್ತೂ ಹತ್ತು ತೋರಿಸಿತು.

ಇಬ್ಬರೂ ಅದನ್ನೇ ನೋಡಿದರು. ಆಗಬೇಕಾದದ್ದು ಆಗಿಹೋಗಿತ್ತು. ಏನಾಯಿತೆಂದು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಕೆಳಗೆ ಯಾರೋ ಏನೋ ಹೇಳಿ ನಗಿಸಿದರು.

ತಪ್ಪು ಬೆಳಕಿನ ತೇಪೆ ಹಾಕಿದವರು ಚಿತ್ರ ಓದಲು ಬಾರದವರು. ಹಾಗಾದರೆ ತೇಪೆಯ ಚೂರು ಎಲ್ಲಿಂದ ಬಂತು? ಇನ್ಸ್‌ಪೆಕ್ಟರಮ್ಮ ಮುದುಕನನ್ನೂ ಗಿಡುಗನನ್ನೂ ದಾಖಲೆ ಕೋಣೆಯಲ್ಲಿ ಕೂರಿಸಿದಳು. ಆ ಪ್ರದೇಶದ ಮುನ್ನೂರು ಚಿತ್ರಗಳಲ್ಲೂ ಬಿಸಿಲು ಎಡದಿಂದಲೇ ಬೀಳುತ್ತಿತ್ತು. ಹನ್ನೊಂದು ಗಂಟೆ ದಾಟಿದ ಮೇಲೆ ಮುದುಕನಿಗೆ ಹೊಳೆಯಿತು. ನೌಕೆಯಲ್ಲಿ ಇನ್ನೊಂದು ಪುಟ್ಟ ಕ್ಯಾಮೆರಾ ಇದೆ. ಅದು ದಾರಿ ನೋಡಿಕೊಳ್ಳುವುದಕ್ಕೆ ಮಾತ್ರ. ಅದರ ಚಿತ್ರಗಳು ಚಿತ್ರ ವಿಭಾಗಕ್ಕೆ ಬರುವುದೇ ಇಲ್ಲ, ಪಥದ ಲೆಕ್ಕ ಹಾಕುವ ವಿಭಾಗಕ್ಕೆ ಹೋಗುತ್ತವೆ.

ಬಲದಿಂದ ಬಿಸಿಲು ಬೀಳುವ ಒಂದೇ ಒಂದು ಚಿತ್ರ ಅಲ್ಲಿತ್ತು. ತೇಪೆಯ ಗುಳಿಗಳು ಅದರ ಗುಳಿಗಳ ಜೊತೆ ಒಂದೊಂದಾಗಿ ತಾಳೆಯಾದವು. ಮಂಗಳವಾರ ಮಧ್ಯಾಹ್ನ ಅದರ ಪ್ರತಿ ತೆಗೆಯಲಾಗಿತ್ತು. ಪಥ ವಿಭಾಗದಲ್ಲಿ ಇದ್ದವರು ಇಬ್ಬರು. ಒಬ್ಬಳು ಎರಡು ತಿಂಗಳಿಂದ ಹೆರಿಗೆ ರಜೆಯಲ್ಲಿದ್ದಳು.

ಇನ್ನೊಬ್ಬಳ ಹೆಸರು ನೋಡಿ ಮುದುಕ ಕಾಗದವನ್ನು ಮಗುಚಿಟ್ಟ.

* * *

ಅವಳು ಮೇಷ್ಟ್ರ ಮಗಳು. ಮೂವತ್ತು ವರ್ಷದ ಹಿಂದೆ ಈ ಯೋಜನೆಯನ್ನು ಬರೀ ಕಾಗದದ ಮೇಲೆ ಗೀಚಿ, ಕಂಡವರ ಕಾಲು ಹಿಡಿದು ಇಲ್ಲಿಯವರೆಗೆ ತಂದವರು ಮೇಷ್ಟ್ರು. ಇವತ್ತು ಹಾಲಿನ ಮೊದಲ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿದ್ದರು. ಮೂಗಿಗೆ ಆಮ್ಲಜನಕದ ಕೊಳವೆ. ಡಾಕ್ಟರು ಮೂರು ತಿಂಗಳು ಎಂದಿದ್ದರು.

ಮಗಳು ಹೊರಗಿನ ಓಣಿಯಲ್ಲಿ ಫ್ಲಾಸ್ಕಿಗೆ ಬಿಸಿನೀರು ತುಂಬುತ್ತಿದ್ದಳು. ಇನ್ಸ್‌ಪೆಕ್ಟರಮ್ಮ ಎಲ್ಲವನ್ನೂ ಮೆಲುದನಿಯಲ್ಲಿ ಹೇಳಿದಳು. ಉಳಿಯದೆ ಹೋದ ನೆರಳು, ಗುಳ್ಳೆಯಾದ ಗುಳಿ, ಒಂದೇ ವಿಭಾಗಕ್ಕೆ ಹೋದ ಒಂದೇ ಚಿತ್ರ. ಮಗಳು ವಾದ ಮಾಡಲಿಲ್ಲ. ನೀರು ಉಕ್ಕಿ ಕೈಮೇಲೆ ಹರಿದರೂ ನಲ್ಲಿ ನಿಲ್ಲಿಸಲಿಲ್ಲ. ಇನ್ಸ್‌ಪೆಕ್ಟರಮ್ಮನೇ ನಿಲ್ಲಿಸಿದಳು.

"ಹದಿನಾಲ್ಕು ತಿಂಗಳು ಅಪ್ಪನ ಹತ್ರ ಇಲ್ಲ ಮೇಡಂ" ಎಂದಳು.

ಪಥದ ಲೆಕ್ಕಕ್ಕೆಂದು ಮೂಲ ಚಿತ್ರ ತೆರೆದಾಗ ಅವಳಿಗೆ ಬಂಡೆಗಳು ಕಂಡಿದ್ದವು. ಗಿಡುಗ ಊಟಕ್ಕೆ ಹೋದಾಗ ಅವನ ಕುರ್ಚಿಯಲ್ಲಿ ಕೂತು ನಲವತ್ತು ನಿಮಿಷದಲ್ಲಿ ಮುಗಿಸಿದ್ದಳು. ಬಂಡೆಗೆ ತಗಲುವ ಸಾಧ್ಯತೆಯನ್ನು ಮೂರು ಸಲ ಲೆಕ್ಕ ಹಾಕಿದ್ದಳು. ನೂರಕ್ಕೆ ಆರು. ಉಳಿದ ತೊಂಬತ್ತನಾಲ್ಕನ್ನು ನಂಬಿಕೊಂಡಿದ್ದಳು.

ಸುದ್ದಿ ಬರುವವರೆಗೆ ಅಪ್ಪನ ಪಕ್ಕ ಇರಬಹುದೇ ಎಂದು ಕೇಳಿದಳು. ಇನ್ಸ್‌ಪೆಕ್ಟರಮ್ಮ ಹೂಂ ಎಂದಳು.

* * *

ಹನ್ನೊಂದೂ ಮೂವತ್ತಕ್ಕೆ ಒಬ್ಬ ಎತ್ತರ ಓದತೊಡಗಿದ. ಒಂಬೈನೂರು ಮೀಟರ್. ನಾನೂರು. ನೂರಾ ಹತ್ತು. ಮೇಷ್ಟ್ರು ಮಗಳ ಕೈ ಹಿಡಿದುಕೊಂಡಿದ್ದರು. ಅರವತ್ತು. ಮೂವತ್ತು. ಹನ್ನೆರಡು.

ಆಮೇಲೆ ಅವನು ಓದಲಿಲ್ಲ. ಓದುವುದಕ್ಕೆ ಏನೂ ಬರುತ್ತಿರಲಿಲ್ಲ.

ಕಾಲು ಗಂಟೆ ಕಾದರು. ಒಬ್ಬಳು ಹೆಡ್‌ಫೋನ್ ತೆಗೆದಿಟ್ಟಳು. ಗಿಡುಗ ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ಮೇಷ್ಟ್ರು ಅವನನ್ನು ಕರೆದು, ನಿನ್ನ ತಪ್ಪಲ್ಲ ಬಿಡಪ್ಪ, ಕಾಣದ ನೆಲದ ಮೇಲೆ ಇಳಿಸುವುದು ಎಂದರೆ ಹೀಗೇ ಎಂದು ಸಮಾಧಾನ ಮಾಡಿದರು.

ಆಗ ಮಗಳು ಅವರ ಮುಂದೆ ನೆಲದ ಮೇಲೆ ಕೂತಳು. ಎಲ್ಲವನ್ನೂ ಅವಳೇ ಹೇಳಿದಳು. ಹಾಲಿನಲ್ಲಿ ಎಲ್ಲರಿಗೂ ಕೇಳಿಸಿತು.

ಮೇಷ್ಟ್ರು ಮೂಗಿನ ಕೊಳವೆ ಸರಿಮಾಡಿಕೊಂಡರು. "ನನ್ನನ್ನ ಒಂದು ಮಾತು ಕೇಳಬೇಕಿತ್ತು" ಎಂದರು.

"ಕೇಳಿದ್ರೆ ಬೇಡ ಅಂತಿದ್ರಿ ಅಪ್ಪ."

"ಹೂಂ. ಬೇಡ ಅಂತಿದ್ದೆ."

ಮನೆಗೆ ಹೋಗೋಣ ಎಂದರು. ಮಗಳು ಗಾಲಿಕುರ್ಚಿಯ ಹಿಡಿಕೆಗೆ ಕೈಹಾಕಿ, ಇನ್ಸ್‌ಪೆಕ್ಟರಮ್ಮನ ಮುಖ ನೋಡಿ ಕೈ ತೆಗೆದಳು. ಕಾರು ಹಿಂಬಾಗಿಲಲ್ಲಿದೆ, ತಾನೂ ಜೊತೆಗೆ ಬರುತ್ತೇನೆ, ನೀವೇ ತಳ್ಳಿ ಎಂದಳು ಇನ್ಸ್‌ಪೆಕ್ಟರಮ್ಮ. ನಲವತ್ತು ಜನ ಸರಿದು ದಾರಿ ಬಿಟ್ಟರು. ಬೈಯುವವರೂ ಇರಲಿಲ್ಲ, ಸಮಾಧಾನ ಹೇಳುವವರೂ ಇರಲಿಲ್ಲ.

ಲಿಫ್ಟಿನಲ್ಲಿ ಮೂವರೇ. ಮೇಷ್ಟ್ರು ತಲೆ ಎತ್ತದೆ ಕೇಳಿದರು.

"ಕೊನೇಲಿ ಎಷ್ಟು ಅಂದ?"

"ಹನ್ನೆರಡು ಮೀಟರ್ ಅಪ್ಪ."

"ಬರೀ ಹನ್ನೆರಡು" ಎಂದರು ಮೇಷ್ಟ್ರು. ಬಾಗಿಲು ತೆರೆಯಿತು. ಮಗಳಿಗೆ ಕುರ್ಚಿ ತಳ್ಳಲಾಗಲಿಲ್ಲ.