ಬಾಗಿಲಲ್ಲಿ ಉಪವಾಸ ಕೂತವಳು

"ದೊರೆ, ಆಕೆ ಬಾಗಿಲಲ್ಲಿರೋವರೆಗೂ ಒಂದು ತುತ್ತೂ ಬಾಯಿಗಿಡಬೇಡ," ಎಂದ ನೆಕ್ತಾನ್. ಕುಲಕ್ಕೆಲ್ಲ ನ್ಯಾಯ ಹೇಳುವ ಮುದುಕ ಅವನು. ಅಂದು ಅವನ ದನಿಯೇ ನಡುಗುತ್ತಿತ್ತು. "ಉಪವಾಸ ಕೂತವಳ ಎದುರಿಗೆ ಉಂಡ ದೊರೆ ಬಾಳಿದ್ದಿಲ್ಲ."

ಆರ್ಡ್‌ಗಲ್ ನಕ್ಕುಬಿಟ್ಟ. "ಮುದುಕೀರು ಹಸ್ಕೊಂಡು ಕೂತ್ರೆ ದೊರೆಗಳು ಸಾಯೋ ಹಾಗಿದ್ರೆ, ನಾವೆಲ್ಲ ಕತ್ತಿ ಯಾಕಜ್ಜಾ ಹೊರ್ಬೇಕಿತ್ತು?"

ದೂನ್ ರೋನ್ ಕೋಟೆಗೆ ಅವನು ದೊರೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಎಳವೆಯಲ್ಲೇ ಕಡಲಾಚೆಯ ಬ್ರಿಟನ್ನಿಗೆ ಹೋಗಿ, ಕಂಡವರ ಪರವಾಗಿ ಕಾದಾಡಿ ಹೊಟ್ಟೆ ಹೊರೆದವನು. ಚಿಕ್ಕಪ್ಪ ತೀರಿಕೊಂಡು ಕುಲದಲ್ಲಿ ಬೇರೆ ಗಂಡುದಿಕ್ಕಿಲ್ಲವಾದಾಗ ಜನ ಅವನನ್ನು ಕರೆಸಿ ಪಟ್ಟದ ಕಲ್ಲಿನ ಮೇಲೆ ನಿಲ್ಲಿಸಿದ್ದರು. ಹೆಂಡತಿ ಸಾರಿತ್‌ಳನ್ನೂ ಪುಟ್ಟ ಮಗಳು ಲಾಸರ್‌ಳನ್ನೂ ಹಡಗಿನಲ್ಲಿ ಕರೆತಂದಿದ್ದ. ನಾಡಿನ ಕಟ್ಟುಕಟ್ಟಳೆಗಳೆಲ್ಲ ಅವನ ಕಿವಿಗೆ ಅಜ್ಜಿಕತೆ.

ಬಾಗಿಲಲ್ಲಿ ಕೂತವಳು ಡೆರ್ವಾಲ್. ಅವಳ ಮಗ ಬೆಕನ್ ಹೊಸ ದೊರೆಯನ್ನು ಒಪ್ಪದೆ ತಿರುಗಿ ನಿಂತಿದ್ದ. ಮಾತಾಡೋಣ ಬಾ, ನಿನ್ನ ಕೂದಲೂ ಕೊಂಕದು ಎಂದು ಆರ್ಡ್‌ಗಲ್ ಎಲ್ಲರೆದುರು ಮಾತು ಕೊಟ್ಟು ಕರೆಸಿದ. ನಂಬಿ ಬಂದವನು ಹಿಂದಿರುಗುವಾಗ ಜವುಗಿನ ದಾರಿಯಲ್ಲಿ ಕೊರಳು ಸೀಳಿ ಬಿದ್ದಿದ್ದ. ಕಳ್ಳರ ಕೆಲಸ ಎಂದ ದೊರೆ. ಸೀಳಿದವನು ಅವನ ಬಲಗೈ ಬಂಟ ಕೋಬಾಕ್ ಎಂಬುದು ನಾಯಿಗಳಿಗೂ ಗೊತ್ತಿತ್ತು.

"ನಂಗೆ ಚಿನ್ನ ಬೇಡ, ದನ ಬೇಡ," ಎಂದಿದ್ದಳು ಡೆರ್ವಾಲ್. "ಮಾತು ಕೊಟ್ಟು ಕೊಲ್ಲಿಸ್ದೆ ಅಂತ ಜನದ ಮುಂದೆ ಬಾಯ್ಬಿಟ್ಟು ಹೇಳು. ಅಷ್ಟೇ ಸಾಕು."

ಹೇಳಿದರೆ ಪಟ್ಟ ಹೋಗುತ್ತದೆ. ಆರ್ಡ್‌ಗಲ್ ಹೇಳಲಿಲ್ಲ. ಬಡವರು ಬಲ್ಲಿದರ ಮೇಲೆ ಹಾಕುವ ಕೊನೆಯ ದಾವೆಯನ್ನು ಅವಳು ಹಾಕಿದಳು. ಅನ್ನ ನೀರು ಬಿಟ್ಟು ಹೊಸ್ತಿಲಿನಲ್ಲಿ ಕೂತಳು.

ಆ ಸಂಜೆ ಕಡಲಿನಿಂದ ಉಪ್ಪುಗಾಳಿ ಬೀಸುತ್ತಿತ್ತು. ಒಳಗೆ ಬೆಂದ ಕಾಡುಹಂದಿಯ ಘಮ ಹೊಗೆಯೊಡನೆ ಕೋಟೆಯನ್ನೆಲ್ಲ ತುಂಬಿತ್ತು. ಆರ್ಡ್‌ಗಲ್ ಇಡೀ ತೊಡೆಯೊಂದನ್ನು ಎತ್ತಿಕೊಂಡು ಬಾಗಿಲಿಗೆ ಬಂದ. ಅವಳೆದುರೇ ನಿಂತು ಹರಿದು ಹರಿದು ತಿಂದ. ಜಿಡ್ಡು ಗಡ್ಡದಿಂದ ತೊಟ್ಟಿಕ್ಕಿತು.

"ತಗೋ ಅಮ್ಮಾ, ನಿನ್ನ ಮಗನ ಸಾವಿನೂಟ," ಎಂದು ಮೂಳೆಯನ್ನು ಅವಳ ಮಡಿಲಿಗೆಸೆದ.

ಡೆರ್ವಾಲ್ ಕಿರುಚಲಿಲ್ಲ. ಗೋಡೆ ಹಿಡಿದು ಎದ್ದಳು. ಒಂದು ಕಾಲನ್ನು ಮಡಚಿದಳು. ಒಂದು ಕಣ್ಣು ಮುಚ್ಚಿದಳು. ಒಂದು ಕೈ ಎತ್ತಿದಳು. ಮುಸ್ಸಂಜೆಯ ಕೆಸರಿನಲ್ಲಿ ನಿಂತ ಕೊಕ್ಕರೆಯ ಹಾಗೆ ಕಂಡಳು. ಅದು ಶಾಪ ಹಾಕುವವರ ನಿಲುವೆಂದು ಬಲ್ಲ ಕಾವಲಿನವರು ಕಿವಿ ಮುಚ್ಚಿಕೊಂಡು ಓಡಿದರು.

"ಇನ್ಮೇಲೆ ನೀನುಣ್ಣೋ ತುತ್ತೆಲ್ಲ ನಿನ್ನವರ ಮೈಯಿಂದ ಹೋಗ್ಲಿ," ಎಂದಳು. ಹಾಗೆಂದವಳೇ ಕುಸಿದಳು. ನೆಕ್ತಾನ್ ಅವಳ ಮೂಗಿನ ಬಳಿ ಬೆರಳಿಟ್ಟು ನೋಡಿ ತಲೆ ತಗ್ಗಿಸಿದ.

ಬೆಳಗಾಗುವಷ್ಟರಲ್ಲಿ ದೊರೆಯ ಮುದ್ದಿನ ಬೇಟೆನಾಯಿ ಒಲೆಯ ಬಳಿ ಒಣಗಿದ ತೊಗಲಾಗಿ ಬಿದ್ದಿತ್ತು. ರೋಗ ಬಂತೆಂದ ಆರ್ಡ್‌ಗಲ್, ಹೊಟ್ಟೆ ತುಂಬ ಓಟ್ಸ್ ಗಂಜಿ ಕುಡಿದ. ಮಧ್ಯಾಹ್ನಕ್ಕೆ ಕೋಬಾಕ್ ಓಡಿಬಂದ. ಕತ್ತಿ ಹಿಡಿಯುವ ಅವನ ತೋಳು ಸುಟ್ಟ ಕಟ್ಟಿಗೆಯಂತೆ ಸಣ್ಣಗಾಗಿತ್ತು.

"ಒಡೆಯಾ, ನೀವು ಉಣ್ಬೇಡಿ! ನಿಮ್ಮ ಕಾಲಿಗೆ ಬೀಳ್ತೀನಿ, ಉಣ್ಬೇಡಿ!"

"ಹೋಗೋ ಹೇಡಿ," ಎಂದು ದೊರೆ ಅವನನ್ನು ತಳ್ಳಿದ.

ಆದರೆ ಅಂದೇ ಲಾಸರ್ ಅವನ ತೊಡೆಯೇರಿ ಕೂತಿದ್ದಳು. ಅವನು ಮೊಸರಲ್ಲಿ ರೊಟ್ಟಿ ಅದ್ದಿ ಬಾಯಿಗಿಟ್ಟ. ಅಗಿದ. ನುಂಗಿದ. ಮಗು ಸುಮ್ಮನಾಯಿತು. ಅವಳ ಕೆನ್ನೆ ಒಳಗೆ ಸರಿಯಿತು. ಅವನ ಕಣ್ಣೆದುರೇ. ಮೊಣಕೈ ಮೂಳೆ ತೊಗಲನ್ನು ಎತ್ತಿತು. ತೊಡೆಯ ಮೇಲಿನ ಭಾರ ಹಗುರಾಯಿತು. ಇನ್ನೂ ಹಗುರಾಯಿತು. ಆರ್ಡ್‌ಗಲ್ ಗಂಟಲಿಗೆ ಬೆರಳಿಳಿಸಿದ. ಕಾರಿದ. ರಕ್ತ ಬರುವವರೆಗೂ ಕಾರಿದ. ಹೋದದ್ದು ಹಿಂದಿರುಗಲಿಲ್ಲ.

ಅಂದಿನಿಂದ ಅವನು ಉಣ್ಣುವುದನ್ನು ಬಿಟ್ಟ. ಒಲೆಯ ಮೇಲೆ ಗಂಜಿ ಕುದಿಯುವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಸುಡುವ ರೊಟ್ಟಿಯ ವಾಸನೆ ಬಂದರೆ ಕಂಬಳಿ ಕಚ್ಚುತ್ತಿದ್ದ. ಒಮ್ಮೆ ಎಚ್ಚರವಾದಾಗ ತಾನು ಉಗ್ರಾಣದಲ್ಲಿರುವುದು ಗೊತ್ತಾಯಿತು. ಎರಡೂ ಕೈಗಳಲ್ಲಿ ಬೆಣ್ಣೆ, ಬಾಯಲ್ಲಿ ಬೆಣ್ಣೆ. ಒಳಮನೆಯಿಂದ ಸಾರಿತ್ ಚೀರಿದಳು. ಮಗಳ ಕೂದಲು ಹಿಡಿಹಿಡಿಯಾಗಿ ಅವಳ ಕೈಗೆ ಬಂದಿತ್ತು.

"ನನ್ನ ಕೈ ಕಟ್ಟು," ಎಂದ ಆರ್ಡ್‌ಗಲ್. "ಬಿಗಿಯಾಗಿ ಕಟ್ಟೇ. ಅತ್ತು ಬೇಡ್ಕೊಂಡ್ರೂ ಬಿಚ್ಬೇಡ."

ಸಾರಿತ್ ಕಟ್ಟಿದಳು. ಕಟ್ಟುವಾಗ ಒಂದು ಮಾತು ಕೇಳಿದಳು: "ಆ ಹುಡುಗನ್ನ ನೀವೇ ಕೊಲ್ಲಿಸಿದ್ರಾ?"

ಅವನು ಮುಖ ತಿರುಗಿಸಿದ. ಅವಳಿಗೆ ಅಷ್ಟೇ ಸಾಕಾಯಿತು.

ನೆಕ್ತಾನ್‌ನನ್ನು ಕರೆಸಿದರು. ಮುದುಕ ನಿಟ್ಟುಸಿರಿಟ್ಟ. "ಶಪಿಸಿದವಳು ಮಣ್ಣಾದ್ಲು. ಅವಳ ರಕ್ತ ಅಂತ ಉಳಿದಿರೋದು ಮಗಳು ಕ್ರೋನ್ ಒಬ್ಬಳೇ. ಹೋಗಿ ಅವಳ ಹೊಸ್ತಿಲಿಗೆ ಬೀಳು. ಬೇರೆ ದಾರಿ ನಂಗೆ ಗೊತ್ತಿಲ್ಲ."

ಕ್ರೋನ್‌ಳ ಗುಡಿಸಲು ಕಡಲಂಚಿನಲ್ಲಿತ್ತು. ದಿನಗಟ್ಟಲೆ ಹಸಿದು ನಿಲ್ಲಲಾರದಾದ ದೊರೆ ಕಟ್ಟಿದ ಕೈಗಳಲ್ಲೇ ಬೆಣಚುಕಲ್ಲಿನ ಮೇಲೆ ತೆವಳುತ್ತ ಹೋದ. ಹಿಂದೆ ಸಾರಿತ್, ಅವಳ ಹೆಗಲ ಮೇಲೆ ಹಕ್ಕಿಮರಿಯಷ್ಟು ಹಗುರಾದ ಲಾಸರ್, ಜೊತೆಗೆ ನೆಕ್ತಾನ್. ಮೀನಿಗೆ ಹೊರಟವರು, ಪಾಚಿ ಆಯುವವರು, ಎಲ್ಲರೂ ಬಂದು ಸುತ್ತ ನಿಂತರು. ಯಾರೂ ಕೈ ಕೊಡಲಿಲ್ಲ.

"ಬೆಕನ್‌ಗೆ ಮಾತು ಕೊಟ್ಟಿದ್ದೆ," ಎಂದ ಆರ್ಡ್‌ಗಲ್. ದನಿ ಏಳಲಿಲ್ಲ. ಮತ್ತೆ ಕೂಗಿದ. "ಮಾತು ಕೊಟ್ಟು ನಾನೇ ಕೊಲ್ಲಿಸ್ದೆ! ಅವನಮ್ಮ ಬಾಗಿಲಲ್ಲಿ ಹಸಿದು ಕೂತಾಗ ಎದುರಿಗೇ ನಿಂತು ತಿಂದೆ. ಇನ್ನು ನಾನು ದೊರೆಯಲ್ಲ. ನನ್ನ ಏನು ಬೇಕಾದ್ರೂ ಮಾಡ್ಕೊಳ್ಳಿ. ಮಗೂನ ಬಿಟ್ಬಿಡಿ ತಾಯೀ."

ಕ್ರೋನ್ ಹೊರಗೆ ಬಂದಳು. ಅವಳ ಮುಂಗೈ ತುಂಬ ಬಾರ್ಲಿ ಹಿಟ್ಟು ಮೆತ್ತಿತ್ತು. ಒಳಗೆ ಹೋಗಿ ಬಿಸಿ ರೊಟ್ಟಿಯೊಂದನ್ನು ತಂದಳು. ಅವನ ಕೈಕಟ್ಟು ಬಿಚ್ಚಿ ಅಂಗೈಯಲ್ಲಿಟ್ಟಳು.

"ನಾನು ಬಿಟ್ಟೆ," ಎಂದಳು.

"ಶಾಪ ಹೋಯ್ತಾ?"

"ನಂಗೇನು ಗೊತ್ತು? ನಮ್ಮವ್ವ ಕೊಟ್ಟ ಶಾಪ ಅದು. ನಾನಂತೂ ಬಿಟ್ಟೆ, ಅವಳು ಬಿಟ್ಲೋ ಇಲ್ವೋ..." ಕ್ರೋನ್ ಕಡಲ ಕಡೆ ನೋಡಿದಳು. "ತಿಂದು ನೋಡು."

ರೊಟ್ಟಿಯಿಂದ ಹಬೆ ಏಳುತ್ತಿತ್ತು. ಆರ್ಡ್‌ಗಲ್‌ನ ಬಾಯಲ್ಲಿ ನೀರೂರಿ ಗಲ್ಲಕ್ಕೆ ಇಳಿಯಿತು. ಕೈ ಮೇಲೆದ್ದಿತು. ಬಾಯ ಹತ್ತಿರ ಬಂತು. ಇನ್ನೂ ಹತ್ತಿರ. ಒಂದು ಚೂರು. ಬರೀ ಒಂದು ಚೂರು. ಸಾರಿತ್ ತಿನ್ನಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮಗುವನ್ನು ಎದೆಗವುಚಿಕೊಂಡು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಅಪ್ಪಾ," ಎಂದಳು ಲಾಸರ್, "ನಂಗೂ ಹಸಿವು."

ಅವನು ರೊಟ್ಟಿಯನ್ನು ಇಡಿಯಾಗಿ ಅವಳಿಗೆ ಕೊಟ್ಟ. ಬೆರಳಿಗಂಟಿದ ಚೂರುಗಳನ್ನೂ ಮರಳಿಗೆ ಒರೆಸಿದ. ಅವಳು ಮೆಲ್ಲಗೆ ಮುರಿದು, ಅಗಿದು, ನುಂಗಿದಳು. ತುತ್ತು ಇಳಿದಂತೆಲ್ಲ ಅವಳ ತುಟಿಗೆ ಒಂಚೂರು ಬಣ್ಣ ಬಂತು. ಅದನ್ನೇ ನೋಡುತ್ತ ಆರ್ಡ್‌ಗಲ್ ಹೊಸ್ತಿಲಿಗೆ ಒರಗಿದ. ಅವಳು ತಿಂದು ಮುಗಿಸಿದ ಮೇಲೂ ಅವನ ಕಣ್ಣುಗಳು ತೆರೆದೇ ಇದ್ದವು. ನೆಕ್ತಾನ್ ಬಗ್ಗಿ ಅವನ್ನು ಮುಚ್ಚಬೇಕಾಯಿತು.