ನಾಳೆರಾಯ ಮತ್ತು ಎಕ್ಸ್‌ರೇ ಮೇಡಂ

“ಉಸಿರು ಎಳ್ಕೊಳ್ಳಿ... ಇನ್ನೂ... ಹಾಂ, ಹಿಡ್ಕೊಳ್ಳಿ!”

ಗಾಜಿನ ಹಿಂದೆ ನಿಂತು ಗುಂಡಿಯ ಮೇಲೆ ಬೆರಳಿಟ್ಟಿದ್ದ ಅವಳಿಗೆ ಕೇಳಿಸಿದ್ದು ನಗು.

ಎಕ್ಸ್‌ರೇ ಯಂತ್ರಕ್ಕೆ ಎದೆಯಾನಿಸಿ, ಆಸ್ಪತ್ರೆಯ ನೀಲಿ ಗೌನು ತೊಟ್ಟು ನಿಂತಿದ್ದ ಎತ್ತರದ ಆಸಾಮಿ ಭುಜ ಕುಣಿಸಿಕೊಂಡು ನಗುತ್ತಿದ್ದ. ಸಿಟಿ ಬಸ್ಸಿನ ಡ್ರೈವರ್. ವರ್ಷಕ್ಕೊಮ್ಮೆಯ ತಪಾಸಣೆಗೆಂದು ಡಿಪೋದವರು ಕಳಿಸಿದ್ದರು. ಹೊರಗೆ ಅವನಂಥವರದೇ ಉದ್ದನೆಯ ಸಾಲು ಕಾಯುತ್ತಿತ್ತು.

“ಏನ್ರೀ, ನಗೋಂಥದ್ದು ಏನಾಯ್ತು? ಅಲ್ಲಾಡಿದ್ರೆ ಚಿತ್ರ ಮಸುಕಾಗುತ್ತೆ!”

“ಸಾರಿ ಮೇಡಂ... ಆ ಗೋಡೆ ಮೇಲಿನ ಏಪ್ರನ್‌ಗಳನ್ನ ಎಲ್ಲೋ ನೋಡಿದೀನಲ್ಲ ಅಂತ ಯೋಚಿಸ್ತಿದ್ದೆ. ಈಗ ಹೊಳೀತು. ‘ದಿನಕ್ಕೊಂದು ಫೋಟೋ’ ಗ್ರೂಪಲ್ಲಿ ‘ಬಟ್ಟೆ’ ಅಂತ ಪದ ಕೊಟ್ಟಿದ್ರಲ್ಲ, ಅವತ್ತು... ಹಾಕಿದ್ದು ನೀವೇನಾ?”

ಅವಳ ಬೆರಳು ಗುಂಡಿಯ ಮೇಲೇ ನಿಂತುಬಿಟ್ಟಿತು.

ಮೊಳೆಗೆ ನೇತುಹಾಕಿದ, ಕಿರಣ ತಡೆಯುವ ಸೀಸದ ಏಪ್ರನ್‌ಗಳು. ಹೌದು, ಅವಳದೇ ಫೋಟೋ. ಅದರ ಕೆಳಗೆ ಯಾರೋ ಬರೆದಿದ್ದರು: ‘ನಿಮ್ಮ ಫೋಟೋಗಳಲ್ಲಿ ಎಲ್ಲರೂ ಉಸಿರು ಬಿಗಿ ಹಿಡಿದು ನಿಂತಿರ್ತಾರೆ. ಬಟ್ಟೆ ಕೂಡ!’ ಅದನ್ನು ಓದಿದ ದಿನ ಅವಳಿಗೆ ಊಟ ಸೇರಿರಲಿಲ್ಲ.

ಬರೆದವನನ್ನು ಗ್ರೂಪಿನಲ್ಲಿ ಎಲ್ಲರೂ ‘ನಾಳೆರಾಯ’ ಎಂದು ಕರೆಯುತ್ತಿದ್ದರು. ಇವತ್ತಿನ ಪದಕ್ಕೆ ನಾಳೆ ಫೋಟೋ ಹಾಕುವ ಮಹಾನುಭಾವ!

“ನೀವು... ನಾಳೆರಾಯ?”

“ಹ್ಞೂಂ ಮೇಡಂ. ನಾನೇ.”

‘ಓಹೋ! ಸಿಕ್ಕಿಬಿದ್ಯಾ ನನ್ನ ಕೈಗೆ!’

“ಉಸಿರು ಎಳ್ಕೊಳ್ಳಿ,” ಎಂದಳು ಗಂಭೀರವಾಗಿ. “ಹಿಡ್ಕೊಳ್ಳಿ.”

ಗುಂಡಿ ಒತ್ತಿದಳು. ಚಿತ್ರ ಬಂತು. ಆದರೆ ‘ಬಿಡಿ’ ಎನ್ನಬೇಕಾದ ಬಾಯಿಗೆ ಬೀಗ ಹಾಕಿಕೊಂಡಳು. ಅವನ ಕಿವಿ ಕೆಂಪಾಯಿತು, ಕತ್ತು ಕೆಂಪಾಯಿತು, ಭುಜ ಸಣ್ಣಗೆ ನಡುಗತೊಡಗಿತು...

“ಬಿಡಿ.”

ಅವನು ಬುಸ್ಸೆಂದು ಉಸಿರು ಬಿಟ್ಟು ತಿರುಗಿ ನೋಡಿದ. ಕಣ್ಣಲ್ಲಿ ಕೋಪ ಇರಲಿಲ್ಲ. “ಸರಿಯಾದ ಶಾಸ್ತಿ ಆಯ್ತು ಮೇಡಂ. ಆದ್ರೂ ಬರ್ದಿದ್ದು ಸುಳ್ಳಲ್ಲ!”

ಸುಳ್ಳಲ್ಲ ಎಂಬುದೇ ಅವಳನ್ನು ದಿನವಿಡೀ ಕೊರೆಯಿತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಮೇಡಂ ಆದವಳು ಮನೆಯಲ್ಲಿ ಪುಟ್ಟಿ. ನಿಶ್ಚಯವಾಗಿದ್ದ ಮದುವೆ ಮುರಿದುಬಿದ್ದ ಮೇಲೆ ಹಾಸ್ಟೆಲ್ ಬಿಟ್ಟು ಅಣ್ಣನ ಮನೆ ಸೇರಿದ್ದಳು. ಇದ್ದದ್ದು ಒಂದೇ ಮಲಗುವ ಕೋಣೆ, ಅದು ಅಣ್ಣ ಅತ್ತಿಗೆಯದು. ಇವಳಿಗೆ ಹಾಲ್. ಬೆಳಿಗ್ಗೆ ಯಾರೂ ಏಳುವ ಮೊದಲೇ ಹಾಸಿಗೆ ಸುತ್ತಿ ಸೋಫಾದ ಹಿಂದೆ ತುರುಕುತ್ತಿದ್ದಳು, ಅಲ್ಲಿ ಯಾರೂ ಮಲಗಿರಲೇ ಇಲ್ಲ ಎನ್ನುವ ಹಾಗೆ.

ಯಾರೂ ಒಂದು ಮಾತು ಅಂದವರಲ್ಲ. ಅಣ್ಣ ಮಾತ್ರ ಒಮ್ಮೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: “ತಂಗಿದೊಂದು ಹೊರೆ ಇಳಿದ್ರೆ ಸಾಕಪ್ಪ, ಆಮೇಲೆ ನಿಶ್ಚಿಂತೆ.”

ಅವನು ಅಷ್ಟು ಹೇಳಿ ಮರೆತೂ ಇದ್ದ. ಅವಳು ಮರೆಯಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು. ಸುಮ್ಮನೆ ಹೊರಗೆ ಹೋಗಿ ಬೀದಿ ಸುತ್ತಿ ಬರುವಳು.

ಆ ಚಡಪಡಿಕೆಗೊಂದು ಕೆಲಸ ಕೊಟ್ಟದ್ದು ಫೋಟೋ ಗ್ರೂಪು. ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಪ್ರತಿದಿನ ಬೆಳಿಗ್ಗೆ ಒಂದು ಪದ ಹಾಕುತ್ತಿದ್ದರು. ಮೆಟ್ಟಿಲು, ಬಾಯಾರಿಕೆ, ಹಳದಿ... ಆ ಪದಕ್ಕೊಂದು ಫೋಟೋ ತೆಗೆದು ಹಾಕಬೇಕು, ಅಷ್ಟೇ. ಬೀದಿ ಸುತ್ತಲು ಅವಳಿಗೊಂದು ನೆಪ ಸಿಕ್ಕಿತು.

ಮರುದಿನ ಆಸ್ಪತ್ರೆಗೆ ಹೋಗುವ ಬಸ್ಸು ಹತ್ತಿದರೆ, ಸ್ಟೇರಿಂಗ್ ಹಿಡಿದು ಕೂತವನು ಅವನೇ!

ಇಷ್ಟು ದಿನ ಇದೇ ಬಸ್ಸಿನಲ್ಲಿ ಓಡಾಡಿದ್ದಳು. ಡ್ರೈವರ್ ಮುಖವನ್ನು ಯಾರು ನೋಡುತ್ತಾರೆ? ಈಗ ಅವನ ಹಿಂದಿನ ಸೀಟೇ ಖಾಲಿ ಇತ್ತು. ಮುಖ ಊದಿಸಿಕೊಂಡು ಕೂತಳು. ಕೊನೆಯ ಸ್ಟಾಪು ಆಸ್ಪತ್ರೆಯದೇ. ಎಲ್ಲರೂ ಇಳಿದ ಮೇಲೆ ಅವನೇ ಕೇಳಿದ.

“ಫೋಟೋ ತೆಗೆಯೋ ಮುಂಚೆ ಏನಂತೀರಿ ಮೇಡಂ?”

“ಇನ್ನೇನಂತಾರೆ? ನೆಟ್ಟಗೆ ನಿಂತ್ಕೊಳ್ಳಿ, ಅಲ್ಲಾಡ್ಬೇಡಿ ಅಂತೀನಿ.”

“ಅದೇ ನೋಡಿ! ಅಲ್ಲೂ ಎಕ್ಸ್‌ರೇನೇ ತೆಗೀತಿದ್ದೀರಿ.”

ಅವಳಿಗೆ ರೇಗಿತು, ಜೊತೆಗೇ ನಗುವೂ ಬಂತು. “ಮತ್ತೆ ಏನನ್ಬೇಕು ಗುರುಗಳೇ?”

“ಏನೂ ಅನ್ಬೇಡಿ. ಅವರು ನಿಮ್ಮನ್ನ ಮರೆಯೋವರೆಗೂ ಅಲ್ಲೇ ಇರಿ, ಸಾಕು.”

‘ಇದ್ದೂ ಇಲ್ಲದ ಹಾಗೆ ಇರೋದಾ? ಅದರಲ್ಲಿ ನಾನು ಪಂಟರು,’ ಎಂದುಕೊಂಡಳು ಪುಟ್ಟಿ.

ಆದರೆ ಸುಲಭವಾಗಿರಲಿಲ್ಲ. ಮೊದಮೊದಲು ಬಂದದ್ದೆಲ್ಲ ಕೆಟ್ಟ ಫೋಟೋಗಳೇ. ಕತ್ತರಿಸಿಹೋದ ತಲೆ, ಮಸುಕಾದ ಕೈ, ಅಡ್ಡ ಬಂದ ಕಂಬ. ಅಳಿಸುವಳು, ಮತ್ತೆ ತೆಗೆಯುವಳು. ಬೆಳಿಗ್ಗೆ ಬಸ್ಸಿನಲ್ಲಿ ಅವನಿಗೆ ತೋರಿಸಿ ಬೈಸಿಕೊಳ್ಳುವಳು.

“ಈ ಅಜ್ಜ ನಿಮ್ಮನ್ನೇ ನೋಡ್ತಿದಾರಲ್ಲ ಮೇಡಂ, ಪಾಪ, ಹೆದ್ರಿಬಿಟ್ಟಿದಾರೆ!”

“ನೀವು ಮುಂದೆ ನೋಡಿ ಗಾಡಿ ಓಡಿಸ್ರೀ!”

‘ನೀರು’ ಎಂದು ಪದ ಬಂದ ದಿನ ಅತ್ತಿಗೆ ತಲೆ ತೊಳೆದು ಬಾಲ್ಕನಿಯಲ್ಲಿ ಕೂದಲು ಕೊಡವುತ್ತಿದ್ದಳು. ಪುಟ್ಟಿ ಬಾಗಿಲ ಹಿಂದೆಯೇ ನಿಂತಳು. ಅತ್ತಿಗೆ ಏನನ್ನೋ ನೆನೆಸಿಕೊಂಡು ತನ್ನಷ್ಟಕ್ಕೆ ನಕ್ಕಳು. ಹನಿಗಳು ಸಿಡಿದವು. ಕ್ಲಿಕ್! ಮುಖದ ಅರ್ಧ ಮಸುಕು, ಮೊದಲಾಗಿದ್ದರೆ ಅಳಿಸಿಬಿಡುತ್ತಿದ್ದಳು. ಈ ಸಲ ಹಾಕಿದಳು. ಮೇಷ್ಟ್ರು ಕೆಳಗೆ ಬರೆದರು: ‘ಈ ಹೆಣ್ಣುಮಗಳು ಯಾಕೆ ನಕ್ಕಳು ಅಂತ ಬೆಳಿಗ್ಗೆಯಿಂದ ಯೋಚಿಸ್ತಿದ್ದೇನೆ.’

ಮರುದಿನ ಬೆಳಿಗ್ಗೆ ಬಸ್ಸಿನ ಕನ್ನಡಿಯಲ್ಲಿ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಹೆಬ್ಬೆರಳೆತ್ತಿ ತೋರಿಸಿದ. ಅಷ್ಟಕ್ಕೇ ಅವಳ ಎದೆ ಯಾಕೆ ಹಾಗೆ ಹೊಡೆದುಕೊಳ್ಳಬೇಕು? ಇಡೀ ದಿನ ರೋಗಿಗಳಿಗೆ ‘ಹಿಡ್ಕೊಳ್ಳಿ’ ಎನ್ನುವಾಗೆಲ್ಲ ಅವಳೇ ಉಸಿರು ಹಿಡಿಯುತ್ತಿದ್ದಳು.

‘ಇದೇನು ಹುಚ್ಚು ನಿಂಗೆ! ಒಂದ್ಸಲ ಕೈ ಸುಟ್ಕೊಂಡಿದ್ದು ಸಾಲ್ದಾ?’

ಸಾಲದು ಎಂದಿತು ಮನಸ್ಸು.

ಒಂದು ಸಂಜೆ ಅವನ ಬಸ್ಸು ಆಸ್ಪತ್ರೆಯ ಮುಂದೆ ನಿಂತಾಗ ಅವಳು ಹತ್ತಿ ಕೂತವಳೇ ಗದರಿದಳು. “ಇದೇನ್ರೀ ನಾಳೆ ನಾಳೆ ಅಂತ? ನಾಳೆಯಿಂದ ಆ ದಿನದ್ದು ಆ ದಿನವೇ ಹಾಕ್ಬೇಕು. ಇಲ್ಲಾಂದ್ರೆ ನಾನು ಆ ಸೀಟಲ್ಲಿ ಕೂರಲ್ಲ, ನೋಡಿ!”

“ಡ್ಯೂಟಿ ಮುಗಿಸಿ ಮನೆಗೆ ಹೋದ್ರೆ ಕಣ್ಣೇ ಬಿಡೋಕಾಗಲ್ಲ ಮೇಡಂ...”

“ಅದೆಲ್ಲ ಬೇಡ.”

“ಆಯ್ತು, ಆಣೆಗೂ ಹಾಕ್ತೀನಿ. ಆ ಸೀಟು ಮಾತ್ರ ಖಾಲಿ ಬಿಡ್ಬೇಡಿ...” ಎಂದವನು ನಾಲಿಗೆ ಕಚ್ಚಿಕೊಂಡ. ಅವಳು ಕೇಳಿಸದವಳಂತೆ ಕಿಟಕಿಯಾಚೆ ನೋಡಿದಳು.

ಮರುದಿನ ಅವನಿಗೆ ಬೆಳಗಿನ ಜಾವದ ಪಾಳಿ. ಬಸ್ಸಿನಲ್ಲಿ ಸಿಗಲಿಲ್ಲ. ಇಬ್ಬರು ರೋಗಿಗಳ ನಡುವೆ ಸಿಕ್ಕ ಬಿಡುವಿನಲ್ಲಿ ಅವಳು ಗ್ರೂಪು ತೆರೆದಳು.

ಅಂದಿನ ಪದ: ‘ಹೊರೆ’.

ಅಣ್ಣನ ಬಾಯಿಂದ ಕೇಳಿದ್ದ ಅದೇ ಮಾತು. ಕೆಳಗೆ ಮೊದಲ ಫೋಟೋ ನಾಳೆರಾಯನದು...

ಅದರಲ್ಲಿ ಇದ್ದದ್ದು ಅವಳೇ!

ಆಸ್ಪತ್ರೆ ಎದುರಿನ ಬಸ್ ಶೆಲ್ಟರು. ತೊಡೆಯ ಮೇಲೆ ಉಬ್ಬಿದ ಚೀಲ, ಅದರ ಮೇಲೆ ಸೋತ ಕೈ, ಎತ್ತಲೋ ನೋಡುವ ಕಣ್ಣು. ಫೋಟೋ ಚೆನ್ನಾಗಿತ್ತು. ಅದೇ ಅವಳನ್ನು ಇನ್ನಷ್ಟು ಉರಿಸಿದ್ದು. ಯಾರೋ ನಗುವ ಮುಖದ ಜೊತೆ ಬರೆದಿದ್ದರು: ‘ಹೊರೆ ಅಂದ್ರೆ ಇದಪ್ಪಾ!’

‘ನಿನ್ನೆ ತಾನೇ ಆಣೆ ಮಾಡಿದ್ದ. ಇವತ್ತಿನದು ಇವತ್ತೇ ಹಾಕಿದ್ದಾನೆ. ಹೊರೆ ಅಂದ ತಕ್ಷಣ ನಾನೇ ನೆನಪಾದ್ನಾ ಅವನಿಗೆ? ಮುಖದ ಮೇಲೇ ಬರ್ಕೊಂಡು ಓಡಾಡ್ತಿದ್ದೀನಾ ನಾನು?’

ಗ್ರೂಪು ಬಿಟ್ಟಳು. ಅವನ ನಂಬರು ಬ್ಲಾಕ್ ಮಾಡಿದಳು. ಮಧ್ಯಾಹ್ನ ಊಟಕ್ಕೂ ಹೋಗದೆ ಸೂಪರಿಂಟೆಂಡೆಂಟ್ ಕೋಣೆಯ ಬಾಗಿಲು ತಟ್ಟಿದಳು.

“ಸರ್, ಬೇರೆ ಊರಿನ ಹೊಸ ಶಾಖೆಗೆ ಯಾರಾದ್ರೂ ಬೇಕು ಅಂತಿದ್ರಲ್ಲ... ನಾನು ಹೋಗ್ತೀನಿ.”

ಆಮೇಲಿನ ದಿನಗಳನ್ನು ಅವಳು ಹೇಗೆ ತಳ್ಳಿದಳೋ! ಬೇರೆ ಬಸ್ಸು, ಬೇರೆ ದಾರಿ. ಕೈ ತಾನೇ ತಾನಾಗಿ ಫೋನಿಗೆ ಹೋಗುವುದು, ತೆಗೆಯಲು ಮನಸ್ಸಾಗದೆ ಹಿಂದೆ ಬರುವುದು. ಆಸ್ಪತ್ರೆಯ ಕಿಟಕಿಯಿಂದ ನೋಡಿದರೆ ಅವನ ಬಸ್ಸು ಬಂದು ನಿಲ್ಲುತ್ತಿತ್ತು. ಅವನು ಇಳಿದು, ಗೇಟಿನ ಕಡೆ ನೋಡಿ, ನೋಡಿ, ಮತ್ತೆ ಹತ್ತುತ್ತಿದ್ದ. ಅವಳು ಪರದೆ ಎಳೆಯುತ್ತಿದ್ದಳು. ಎಳೆದ ಪರದೆಯನ್ನು ಮತ್ತೆ ಸರಿಸುತ್ತಿದ್ದಳು.

ಬಟ್ಟೆ ಜೋಡಿಸುತ್ತಿದ್ದ ಭಾನುವಾರ ಅತ್ತಿಗೆ ಬಂದು ಪಕ್ಕದಲ್ಲೇ ಕೂತಳು.

“ಕೆಲಸದ ಮೇಲೆ ಹೋಗ್ತಿದ್ದೀಯ, ಸರಿ. ಫೋಟೋ ಗ್ರೂಪು ಯಾಕೆ ಬಿಟ್ಟೆ?”

ಪುಟ್ಟಿ ಬೆಚ್ಚಿದಳು. “ನಿಮಗೆ ಹೇಗೆ ಗೊತ್ತು ಅತ್ತಿಗೆ?”

“ಗುಲಾಬಿ ಹೂವಿನ ಚಿತ್ರ ಇಟ್ಕೊಂಡು ಒಬ್ಳಿದಾಳಲ್ಲ, ಒಂದು ಫೋಟೋನೂ ಹಾಕ್ದೇ ಇರೋಳು? ಅದು ನಾನೇ. ನೀನು ದಿನಾ ಏನು ತೆಗೀತೀಯ ಅಂತ ನೋಡೋಕೇ ಸೇರಿದ್ದು.”

ಅಷ್ಟೇ ಸಾಕಾಯಿತು. ಪುಟ್ಟಿ ಅತ್ತಳು. ಅಣ್ಣನ ಮಾತು, ಬಸ್ ಶೆಲ್ಟರಿನ ಫೋಟೋ, ಎಲ್ಲವೂ ಒಂದೇ ಉಸಿರಿಗೆ ಹೊರಗೆ ಬಂತು.

ಅತ್ತಿಗೆ ಹಣೆ ಚಚ್ಚಿಕೊಂಡಳು. “ನಿಮ್ಮಣ್ಣನ ಬಾಯಿಗಿಷ್ಟು! ಅವರಿಗೆ ನಾನು ಆಮೇಲೆ ಮಾಡ್ತೀನಿ. ಆದ್ರೆ ಆ ಹುಡುಗ ಏನು ಮಾಡ್ದ? ಹೊರೆಗೆ ಅವನು ಸಂಜೆ ಬೇರೆ ಫೋಟೋ ಹಾಕಿದ್ನಲ್ಲೇ! ಯಾರೋ ಸೈಕಲ್ ಮೇಲೆ ದೊಡ್ಡ ಬೀರು ಕಟ್ಕೊಂಡು ತಳ್ಕೊಂಡು ಹೋಗ್ತಿರೋದು. ಅಷ್ಟರಲ್ಲಿ ನೀನು ಗ್ರೂಪು ಬಿಟ್ಟಿದ್ದೆ.”

“ಹಾಗಾದ್ರೆ... ಬೆಳಿಗ್ಗೆ ಹಾಕಿದ್ದು?”

“ಹಿಂದಿನ ದಿನದ ಬಾಕಿ ಕಣೇ ಪೆದ್ದಿ! ಹಳೇದನ್ನ ಮುಗಿಸಿ ಹೊಸದು ಶುರು ಮಾಡಿದಾನೆ.”

“ಹಿಂದಿನ ದಿನದ ಪದ ಏನಿತ್ತು...?” ಕೇಳುತ್ತಿರುವಾಗಲೇ ಅವಳಿಗೆ ನೆನಪಾಯಿತು. ಆ ಪದಕ್ಕೆ ಅವಳೇ ಆಸ್ಪತ್ರೆಯ ಬೆಂಚಿನ ಫೋಟೋ ಹಾಕಿದ್ದಳು.

‘ತಂಗುದಾಣ’.

ಚಪ್ಪಲಿ ಮೆಟ್ಟಿಕೊಂಡವಳು ಓಡಿದಳು.

ಡಿಪೋದಲ್ಲಿ ಅವನು ಬಕೆಟ್ಟು ಹಿಡಿದು ಬಸ್ಸಿನ ಮುಂದಿನ ಗಾಜು ತೊಳೆಯುತ್ತಿದ್ದ. ಅವಳನ್ನು ಕಂಡದ್ದೇ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

“ಮೇಡಂ... ತಪ್ಪಾಯ್ತು. ನಿಮ್ಮನ್ನ ಕೇಳ್ದೇ ತೆಗ್ದಿದ್ದು, ಕೇಳ್ದೇ ಎಲ್ಲರ ಮುಂದೆ ಹಾಕಿದ್ದು... ಕೋಪ ಬರೋದು ಸರಿನೇ. ಅವತ್ತೇ ಅಳಿಸ್ಬಿಟ್ಟೆ.”

“ಕೇಳ್ದೇ ಹಾಕಿದ್ದು ತಪ್ಪೇ. ಅದಕ್ಕೆ ಆಮೇಲೆ ಬೈತೀನಿ.” ಅವಳು ಬಿದ್ದ ಬಟ್ಟೆ ಎತ್ತಿ ಅವನ ಕೈಗಿತ್ತಳು. “ನಾನು ಗ್ರೂಪು ಬಿಟ್ಟಿದ್ದು ಅದಕ್ಕಲ್ಲ. ನೀವು ನನ್ನನ್ನ ಹೊರೆ ಅಂದ್ರಿ ಅನ್ಕೊಂಡೆ.”

“ಹೊರೆನಾ? ನೀವಾ?!”

“ಮನೇಲಿ ಒಂದ್ಸಲ ಆ ಮಾತು ಕೇಳಿಸ್ಕೊಂಡಿದ್ದೆ. ಅವತ್ತಿಂದ ಎಲ್ಲಿ ಕೂತ್ರೂ ಬೇರೆಯವರ ಜಾಗದಲ್ಲಿ ಕೂತಿದ್ದೀನಿ ಅನ್ಸುತ್ತೆ. ಯಾರಿಗೂ ಹೇಳಿರ್ಲಿಲ್ಲ...”

ಅವನು ಬಕೆಟ್ಟನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾ ಹೇಳಿದ.

“ತಂಗುದಾಣ ಅಂತ ಪದ ಬಂದಾಗ ಗ್ರೂಪಲ್ಲಿ ಎಲ್ರೂ ನಕ್ರು. ನಾಳೆರಾಯನಿಗೆ ಸುಲಭ, ದಿನಾ ನೂರು ನೋಡ್ತಾನೆ ಅಂತ. ನಾನು ಎಲ್ಲದರ ಮುಂದೇನೂ ಬಸ್ ನಿಲ್ಲಿಸ್ತೀನಿ ಮೇಡಂ, ಎಲ್ಲೂ ಇಳಿಯಲ್ಲ. ನೀವು ಕೂತಿದ್ದ ಕಡೆ ಮಾತ್ರ ಇಳಿದುಬಿಡೋಣ ಅನ್ಸ್ತು. ಅದಕ್ಕೇ ತೆಗ್ದೆ... ನಂಗೆ ನೀವಂದ್ರೆ ಇಷ್ಟ. ತುಂಬಾ.”

ಪುಟ್ಟಿಯ ಕಣ್ಣು ತುಂಬಿ ಬಂತು. “ಈಗ ಹೇಳ್ತೀರಲ್ರೀ! ನಾನು ಬೇರೆ ಊರಿಗೆ ಒಪ್ಕೊಂಡಾಯ್ತು.”

ಅವನ ಮುಖ ಬಿಳುಚಿಕೊಂಡಿತು. “ಹೋಗ್ಬೇಡಿ. ನಮ್ಮ ಮನೆಗೆ ಬನ್ನಿ. ಅಮ್ಮ ಒಬ್ರೇ ಇರೋದು, ದೊಡ್ಡ ಮನೆ, ನಿಮ್ಮನ್ನ ಹೂವಿನ ಹಾಗೆ...”

“ಬೇಡ.”

“ಇಷ್ಟ ಇಲ್ವಾ?”

“ಇಷ್ಟ ಇದೆ! ಕೂತಲ್ಲಿ ನಿಂತಲ್ಲಿ ನೀವೇ ಇರ್ತೀರಿ ತಲೇಲಿ, ಇನ್ನೆಷ್ಟು ಇಷ್ಟ ಇರ್ಬೇಕು?” ಅವಳು ಕಣ್ಣೊರೆಸಿಕೊಂಡಳು. “ಆದ್ರೆ ಅಣ್ಣನ ಮನೆಯಿಂದ ಎದ್ದು ನಿಮ್ಮ ಮನೇಲಿ ಬಂದು ಕೂರಲ್ಲ. ಆ ಊರಲ್ಲಿ ಒಂದು ಕೋಣೆ ಬಾಡಿಗೆಗೆ ನೋಡಿದ್ದೀನಿ. ಹಾಸಿಗೆ ಹಾಸಿದ್ರೆ ದಿನವಿಡೀ ಹಾಸಿದಂಗೇ ಇರ್ಲಿ ಅನ್ನೋ ಆಸೆ ನಂಗೆ. ನನ್ನದು ಅಂತ ಒಂದು ಬಾಗಿಲು ಇರ್ಲಿ ಮೊದ್ಲು.”

ಅವನು ತಲೆ ತಗ್ಗಿಸಿದ. ಬಕೆಟ್ಟಿನ ನೀರನ್ನು ನೋಡುತ್ತಾ ನಿಂತ. ಅರ್ಥವಾಗಿತ್ತು, ಆದರೂ ನೋವಾಗಿತ್ತು. ಅವಳಿಗೆ ಅವನ ಕೈ ಹಿಡಿಯಬೇಕೆನಿಸಿತು. ಹಿಡಿದೇಬಿಟ್ಟಳು. ಸೋಪಿನ ನೊರೆ ಅವಳ ಬೆರಳಿಗೂ ಹತ್ತಿತು.

“ಅಲ್ಲಿಗೂ ಬಸ್ ಹೋಗುತ್ತಲ್ವಾ?”

“ಹೋಗುತ್ತೆ. ನಮ್ಮ ಡಿಪೋದಿಂದಲ್ಲ.”

“ಹಾಗಾದ್ರೆ ಒಂದ್ಸಲನಾದ್ರೂ ಟಿಕೆಟ್ ತಗೊಂಡು, ಕಿಟಕಿ ಪಕ್ಕ ಕೂತು, ಆರಾಮಾಗಿ ಬಾ.”

“ಬಂದು...?”

“ಬಂದು ಬಾಗಿಲು ತಟ್ಟು. ನಾನು ತೆಗೀತೀನಿ.”

ಅವನು ಸರಕ್ಕನೆ ತಲೆಯೆತ್ತಿದ. “ಈಗ ಏನಂದ್ರಿ ನೀವು? ಇನ್ನೊಂದ್ಸಲ ಹೇಳಿ...”

“‘ಹೇಳಿ’ ಅಲ್ಲ.” ಅವಳ ಕೆನ್ನೆ ಕೆಂಪೇರಿತು. “‘ಹೇಳು’.”

ಅವನು ಒಮ್ಮೆ ಬಾಯೊಳಗೇ ಹೇಳಿ ನೋಡಿಕೊಂಡ. ಆಮೇಲೆ ಮೆಲ್ಲಗೆ ಅಂದ.

“ಹೇಳು...”

“ಬಾ ಅಂದೆ.”